ಅಂತರ್ಜಾಲದಲ್ಲಿ ಸಿಕ್ಕಿಕೊಂಡ ಚೌಕಾಬಾರ

ಯಂತ್ರಗಳಿಗೆ ನನ್ನನ್ನು ಕಂಡರೆ ಒಂದು ಬಗೆಯ ಮರ್ಯಾದೆ ಇದೆ ಎಂದು ನಾನು ಬಹುಕಾಲದಿಂದ ನಂಬಿದ್ದೇನೆ. ಈಗಲೂ ನಂಬುತ್ತೇನೆ, ಮನೆಯ ಲ್ಯಾಪ್‌ಟಾಪ್ ಒಂದನ್ನು ಬಿಟ್ಟು. ಚೆನ್ನೈ ಪಕ್ಕದ ಅಂಬತ್ತೂರಿನ ಕಾರ್ಖಾನೆಯೊಂದರಲ್ಲಿ ಲೇತ್‌ಗಳ ನಡುವೆ ನಿಂತೇ ತಲೆಗೂದಲು ಬೆಳ್ಳಗೆ ಮಾಡಿಕೊಂಡವನು ನಾನು. ಲೇತ್ ಕೆಟ್ಟರೆ ಸದ್ದು ಮಾಡಿ ಹೇಳುತ್ತದೆ, ವಾಸನೆ ಬಿಟ್ಟು ಹೇಳುತ್ತದೆ, ಅಷ್ಟಕ್ಕೂ ಅರ್ಥವಾಗದಿದ್ದರೆ ಕೈ ಸುಟ್ಟು ಹೇಳುತ್ತದೆ. ಲ್ಯಾಪ್‌ಟಾಪ್ ಹಾಗಲ್ಲ. 'ಏನೋ ತಪ್ಪಾಗಿದೆ' ಎಂದು ಒಂದು ಸಾಲು ತೋರಿಸಿ ಸುಮ್ಮನಾಗುತ್ತದೆ. ಏನು ತಪ್ಪು, ಯಾರದು ತಪ್ಪು ಎಂದು ಕೇಳಿದರೆ ಮದುವೆಮನೆಯಲ್ಲಿ ಮುನಿಸಿಕೊಂಡ ಬೀಗರ ಹಾಗೆ ಮುಖ ತಿರುಗಿಸಿ ಕೂರುತ್ತದೆ. ಸಮಾಧಾನ ಮಾಡುವ ಕೆಲಸ ನಮ್ಮದು.

ಇಂಥ ಒಂದು ಮುನಿಸಿನಿಂದಾಗಿ ಈಚೆಗೆ ನಾನು ಅಕ್ಕನನ್ನೇ ಕಳೆದುಕೊಳ್ಳುವುದರಲ್ಲಿದ್ದೆ. ಗಾಬರಿಯಾಗಬೇಡಿ, ಅಕ್ಕ ಗಟ್ಟಿಮುಟ್ಟಾಗಿದ್ದಾಳೆ. ಮೈಸೂರಿನಲ್ಲಿ ಮಗ ಸೊಸೆಯ ಜೊತೆ ಇದ್ದಾಳೆ. ಹೈಸ್ಕೂಲಿನ ಹೆಡ್‌ಮಿಸ್ ಆಗಿ ನಿವೃತ್ತಳಾದವಳು. ಶಾಲೆ ಅವಳನ್ನು ಬಿಟ್ಟಿದೆಯೇ ಹೊರತು ಅವಳು ಶಾಲೆಯನ್ನು ಬಿಟ್ಟಿಲ್ಲ. ನಮ್ಮಿಬ್ಬರ ನಡುವೆ ಪ್ರತಿ ಭಾನುವಾರ ತಿಂಡಿಯಾದ ಮೇಲೆ ಚೌಕಾಬಾರ ನಡೆಯುತ್ತದೆ. ಅವಳು ಮೈಸೂರಿನಲ್ಲಿ, ನಾನು ಚೆನ್ನೈನ ಅಡ್ಯಾರಿನಲ್ಲಿ, ನಡುವೆ ಲ್ಯಾಪ್‌ಟಾಪಿನ ವೀಡಿಯೊ ಕರೆ.

ಇದು ಹೇಗೆ ಸಾಧ್ಯ ಎಂದು ಕೇಳುವವರಿಗೆ ನಾನು ಸ್ವಲ್ಪ ಜಂಬದಿಂದಲೇ ಉತ್ತರ ಕೊಡುತ್ತೇನೆ, ಏಕೆಂದರೆ ಇದರ ಏರ್ಪಾಡೆಲ್ಲ ನನ್ನದೇ. ಅಕ್ಕನ ಹತ್ತಿರ ಮನೆ ಕೊರೆದ ಹಳೆಯ ಮಣೆ ಇದೆ. ನನ್ನ ಹತ್ತಿರ ಕ್ಯಾಲೆಂಡರಿನ ಬೆನ್ನಿಗೆ ಸ್ಕೆಚ್ ಪೆನ್ನಿನಿಂದ ಬರೆದ ಐದೈದು ಮನೆಗಳಿವೆ. ಅವಳ ಕಾಯಿ ಬಳೆಚೂರು, ನನ್ನದು ಹುಣಸೆಬೀಜ. ಎರಡು ಕಡೆಯೂ ಇಬ್ಬರ ಕಾಯಿಗಳೂ ಇರುತ್ತವೆ, ಒಬ್ಬರು ನಡೆಸಿದ್ದನ್ನು ಇನ್ನೊಬ್ಬರೂ ನಡೆಸಿಕೊಳ್ಳಬೇಕು. ಕವಡೆಯನ್ನು ಮಾತ್ರ ಕ್ಯಾಮೆರಾದ ಕಣ್ಣೆದುರಿಗೇ ಹಾಕಬೇಕು, ಬಿದ್ದ ಗರ ಇಬ್ಬರಿಗೂ ಕಾಣಬೇಕು. ನಾಲ್ಕೂ ಬೋರಲು ಬಿದ್ದರೆ ಬಾರ, ಅಂದರೆ ಎಂಟು. ನಾಲ್ಕೂ ಅಂಗಾತ ಬಿದ್ದರೆ ಚೌಕ, ಅಂದರೆ ನಾಲ್ಕು. ಉಳಿದದ್ದು ಒಂದೋ ಎರಡೋ ಮೂರೋ. ಕಾಯಿ ಸುತ್ತು ಹಾಕಿ ನಟ್ಟನಡುವಿನ ಮನೆ ಸೇರಿದರೆ ಹಣ್ಣು. ದಾರಿಯಲ್ಲಿ ಎದುರಾಳಿಯ ಕೈಗೆ ಸಿಕ್ಕಿ ಕಡಿಸಿಕೊಂಡರೆ ಮತ್ತೆ ಮೊದಲಿನಿಂದ ಹೊರಡಬೇಕು.

ಆಟ ನೆಪ ಮಾತ್ರ ಎಂದು ಹೇಳಿದರೆ ಅಕ್ಕ ಒಪ್ಪುವುದಿಲ್ಲ, ಅವಳಿಗೆ ಆಟವೇ ಆಟ. ನನ್ನ ಮಟ್ಟಿಗೆ ಮಾತ್ರ ಅದು ನಮ್ಮ ಮಾತಿಗೆ ಉಳಿದಿರುವ ಒಂದೇ ದಾರಿ. ಬರೀ ಫೋನ್ ಮಾಡಿ ಹೇಗಿದ್ದೀಯ ಎಂದರೆ ಇಬ್ಬರೂ 'ಚೆನ್ನಾಗಿದ್ದೀನಿ' ಎಂದು ಹೇಳಿ ಇಟ್ಟುಬಿಡುವ ಜಾತಿ. ಕೈಯಲ್ಲಿ ಕವಡೆ ಇದ್ದರೆ ಅವಳ ಮಂಡಿನೋವು, ನನ್ನ ಸಕ್ಕರೆ, ಅಮ್ಮ ಮಾಡುತ್ತಿದ್ದ ಹೆರಳೆಕಾಯಿ ಚಿತ್ರಾನ್ನ, ಭಾವ ತೀರಿಕೊಂಡ ಮೇಲೆ ಮನೆಯಲ್ಲಿ ಯಾರೂ ಗಟ್ಟಿಯಾಗಿ ಪೇಪರ್ ಓದುವುದಿಲ್ಲ ಎಂಬ ಸಂಗತಿ, ಎಲ್ಲ ತಾವಾಗಿಯೇ ಹೊರಗೆ ಬರುತ್ತವೆ.

ಆ ಭಾನುವಾರ ಅಕ್ಕನ ಮೂರು ಕಾಯಿ ಹಣ್ಣಾಗಿದ್ದವು. ನಾಲ್ಕನೆಯದು ನಡುಮನೆಯ ಹೊಸ್ತಿಲಲ್ಲೇ ನಿಂತಿತ್ತು. ಸರಿಯಾಗಿ ಒಂದು ಬಿದ್ದರೆ ಅವಳು ಗೆದ್ದಳು, ಹೆಚ್ಚು ಬಿದ್ದರೆ ಪ್ರಯೋಜನವಿಲ್ಲ. ಅಕ್ಕ ಕವಡೆಗಳನ್ನು ಅಂಗೈಯಲ್ಲಿ ಕುಲುಕಿ ಎಸೆದಳು. ಎಸೆದ ಕೈ ಗಾಳಿಯಲ್ಲಿ ಹಾಗೇ ನಿಂತಿತು. ಬಾಯಿ ಅರ್ಧ ತೆರೆದಿತ್ತು. ಕವಡೆಗಳ ಸುಳಿವೇ ಇಲ್ಲ. ಮರುಗಳಿಗೆ ಪರದೆಯೇ ಕಪ್ಪಾಗಿ, ನಡುವೆ ಒಂದು ಚಕ್ರ ಮೂಡಿ ತಿರುಗತೊಡಗಿತು. 'ಹೊಸ ವ್ಯವಸ್ಥೆ ಸಿದ್ಧವಾಗುತ್ತಿದೆ, ದಯವಿಟ್ಟು ಆರಿಸಬೇಡಿ.' ಅದರ ಸಿದ್ಧತೆ ಮುಗಿಯುವಷ್ಟರಲ್ಲಿ ನಮ್ಮ ಮನೆಯಲ್ಲಿ ಸಾರು ಕುದಿದು, ಊಟವೂ ಆಗಿತ್ತು.

ಚಕ್ರ ತಿರುಗುತ್ತಿದ್ದ ಹಾಗೆಯೇ ನಾನು ಅಕ್ಕನಿಗೆ ಫೋನ್ ಮಾಡಿ "ನೆಟ್ ಹೋಯ್ತು" ಎಂದೆ. ಅಪ್‌ಡೇಟ್ ಎಂದರೇನು ಎಂದು ಹೆಡ್‌ಮಿಸ್ಸಿಗೆ ವಿವರಿಸುವುದಕ್ಕಿಂತ ನೆಟ್ ಹೋಯಿತು ಎನ್ನುವುದು ಸಲೀಸು. ನಮ್ಮ ಕಾಲದಲ್ಲಿ ಎಲ್ಲ ತಪ್ಪುಗಳಿಗೂ ಅದೊಂದು ಛತ್ರವಿದ್ದಂತೆ, ಯಾರು ಬೇಕಾದರೂ ತಂಗಬಹುದು.

"ಒಂದು ಬಿತ್ತು ಕಣೋ ಸೀನ, ನಾನು ಗೆದ್ದೆ," ಎಂದಳು ಅಕ್ಕ.

"ನಾನು ನೋಡಲಿಲ್ವಲ್ಲಕ್ಕ. ಕಾಣದ ಗರ ಲೆಕ್ಕಕ್ಕಿಲ್ಲ."

"ಕಾಣದೇ ಇರ್ಲಿ ಅಂತಾನೇ ಆರಿಸಿದ್ದೀಯ. ಕುಣಿಯಲಾರದವಳು ನೆಲ ಡೊಂಕು ಅಂದ್ಳಂತೆ. ಸೋಲೋ ಹೊತ್ತಿಗೇ ನಿನ್ನ ನೆಟ್ಟಿಗೆ ರೋಗ ಬರುತ್ತಾ? ಬೇಕಂತ ಆರಿಸಿದ್ದಲ್ಲ ಅಂತ ರುಜುವಾತಾಗೋವರೆಗೂ ನಾನು ಕವಡೆ ಮುಟ್ಟಲ್ಲ."

ಫೋನ್ ಇಟ್ಟಳು. ನನಗೆ ಮೊದಲು ನಗು ಬಂತು. ಆಮೇಲೆ, ಅವಳು ನಿಜವಾಗಿಯೂ ಹಾಗೆಂದುಕೊಂಡಿದ್ದಾಳೆ ಎಂದು ತಿಳಿದು ನಗು ನಿಂತಿತು.

ಆದರೆ ನಾನು ಎದೆಗುಂದುವ ಪೈಕಿ ಅಲ್ಲ. ರುಜುವಾತು ತಾನೆ ಬೇಕಾಗಿರುವುದು? ಇಂಟರ್‌ನೆಟ್ ಕಂಪನಿಯವರ ಬಾಯಿಂದಲೇ 'ಹೌದಮ್ಮ, ಭಾನುವಾರ ನಮ್ಮ ಲೈನು ಹೋಗಿತ್ತು' ಎಂದು ಅಕ್ಕನಿಗೆ ಹೇಳಿಸಿಬಿಟ್ಟರಾಯಿತು. ಚಿತ್ರ ಮೊದಲು ನಿಂತಿತು, ಕತ್ತಲಾದದ್ದು ಆಮೇಲೆ. ಆದ್ದರಿಂದ ಲೈನು ಹೋಗಿದ್ದೂ ನಿಜವೇ ಎಂದು ನನ್ನೊಳಗಿನ ಇಂಜಿನಿಯರು ನನ್ನ ಪರವಾಗಿ ವಾದ ಮಂಡಿಸಿದ. ಲೋಕದಲ್ಲಿ ಜನ ಕಸ್ಟಮರ್ ಕೇರಿಗೆ ಫೋನ್ ಮಾಡುವುದು ರಿಪೇರಿಗಾಗಿ. ಸಾಕ್ಷಿ ಹೇಳಿಸಲು ಫೋನ್ ಮಾಡಿದ ಮೊದಲಿಗ ಬಹುಶಃ ನಾನೇ.

ಕಸ್ಟಮರ್ ಕೇರ್ ತಲುಪುವುದೂ ಒಂದು ತೀರ್ಥಯಾತ್ರೆ. ಈ ಅಂಕಿ ಒತ್ತಿ, ಆ ಅಂಕಿ ಒತ್ತಿ, ನಿಮ್ಮ ಕರೆ ನಮಗೆ ಅಮೂಲ್ಯ. ಅಮೂಲ್ಯವಾದದ್ದನ್ನು ಕೊಳಲುವಾದನದಲ್ಲಿ ಅದ್ದಿ ಇಡುವುದು ಅವರ ಪದ್ಧತಿ. ಕೊನೆಗೆ ಮನುಷ್ಯರು ಸಿಕ್ಕಿದರೂ ಮೊದಲ ಮಂತ್ರ ಒಂದೇ, ಆಫ್ ಮಾಡಿ ಆನ್ ಮಾಡಿ. ಈ ಜನ ಪುನರ್ಜನ್ಮದಲ್ಲಿ ಇಟ್ಟಿರುವಷ್ಟು ನಂಬಿಕೆಯನ್ನು ನಮ್ಮ ವೇದಾಂತಿಗಳೂ ಇಟ್ಟಿರಲಾರರು. ಸತ್ತು ಹುಟ್ಟಿದರೆ ಪಾಪವೆಲ್ಲ ಪರಿಹಾರ ಎಂಬುದು ಅವರ ಸಿದ್ಧಾಂತ. ಆದರೆ ನಮ್ಮ ಹಿರಿಯರು ಇನ್ನೊಂದು ಮಾತನ್ನೂ ಹೇಳಿದ್ದಾರೆ, ಜನ್ಮ ಬದಲಾದರೂ ವಾಸನೆ ಹೋಗುವುದಿಲ್ಲ ಎಂದು. ಲ್ಯಾಪ್‌ಟಾಪ್ ಮರುಹುಟ್ಟು ಪಡೆದ ಕೂಡಲೇ 'ಹಿಂದೆ ತೆರೆದಿದ್ದ ಪುಟಗಳನ್ನು ಮತ್ತೆ ತೆರೆಯಲೇ?' ಎಂದು ಕೇಳುತ್ತದಲ್ಲ, ಅದೇ ಪೂರ್ವಜನ್ಮದ ವಾಸನೆ. ತೆರೆಯಲು ಹೇಳಿದೆವೋ, ಹಳೆಯ ರೋಗವೂ ಜೊತೆಗೇ ಬಂದು ಕೂರುತ್ತದೆ.

ಮನುಷ್ಯ ಧ್ವನಿ ಸಿಕ್ಕಿತು. ಇನಿದನಿಯ ಹೆಣ್ಣುಮಗಳು, ತಮಿಳು. ನನ್ನ ತಮಿಳು ಕಾರ್ಖಾನೆಯಲ್ಲಿ ಕಲಿತದ್ದು, ಬೋಲ್ಟು ನಟ್ಟುಗಳ ವಿಷಯದಲ್ಲಿ ನಿರರ್ಗಳ. ಸ್ವಲ್ಪ ತಾಳಮ್ಮ ಎಂದು ಹೇಳಿ ಅಕ್ಕನನ್ನೂ ಅದೇ ಕರೆಗೆ ಸೇರಿಸಿದೆ. ನಾನೇ ದುಭಾಷಿ.

ಅಕ್ಕ ಶಾಲೆಯ ಪ್ರಾರ್ಥನೆಯ ಹೊತ್ತಿನ ದನಿಯಲ್ಲಿ ಶುರು ಮಾಡಿದಳು. "ನಮಸ್ಕಾರ ಕಣಮ್ಮ. ಭಾನುವಾರ ಬೆಳಿಗ್ಗೆ ಲೈನು ತಾನಾಗಿ ಹೋಯ್ತಾ, ಇಲ್ಲ ನಮ್ಮ ಸೀನ ಆರಿಸಿದ್ನಾ? ಅಷ್ಟು ಹೇಳಿಬಿಡು, ನಿನಗೆ ಪುಣ್ಯ ಬರುತ್ತೆ."

ನಾನು ಇದನ್ನು ತಮಿಳಿಗೆ ತಿರುಗಿಸಿದೆ, ಪುಣ್ಯದ ಭಾಗವನ್ನು ಬಿಟ್ಟು. ಹುಡುಗಿ ಏನನ್ನೋ ಟಕಟಕ ಒತ್ತಿ ನೋಡಿದಳು.

"ಸರ್, ಸಂಡೇ ಎಂಗ ಸೈಡ್‌ಲ ಎಂದ ಪ್ರಾಬ್ಲಮುಂ ಇಲ್ಲೆ ಸರ್. ಲೈನ್ ಫುಲ್ಲಾ ಕ್ಲಿಯರಾ ಇರುಂದದು."

ಅವರ ಕಡೆ ಯಾವ ತೊಂದರೆಯೂ ಇರಲಿಲ್ಲವಂತೆ. ತಾಂತ್ರಿಕ ಬೆಂಬಲ ಎಂಬುದು ಹುಟ್ಟಿದಂದಿನಿಂದ ಎಲ್ಲರಿಗೂ ಹೇಳುತ್ತ ಬಂದಿರುವ ವಾಕ್ಯ ಅದು. ಹೊಗೆ ಏಳುತ್ತಿರುವಾಗಲೂ ಅದನ್ನೇ ಹೇಳುತ್ತಾರೆ. ನನ್ನ ಗ್ರಹಚಾರಕ್ಕೆ ಈ ಸಲ ಅದು ನಿಜವೂ ಆಗಿತ್ತು. ಅನುವಾದವನ್ನು ಹೇಗೆ ಮೆತ್ತಗೆ ಮಾಡುವುದು ಎಂದು ನಾನು ಯೋಚಿಸುತ್ತಿರುವಾಗಲೇ ಅಕ್ಕ ಗುಡುಗಿದಳು.

"ನೀನೇನೂ ಹೇಳ್ಬೇಡ, ನನಗೇ ತಿಳೀತು. ಪ್ರಾಬ್ಲಂ ಇಲ್ಲ ಅಂದ್ಲು, ಲೈನ್ ಕ್ಲಿಯರ್ ಅಂದ್ಲು. ಇದಕ್ಕೆ ದುಭಾಷಿ ಬೇರೆ ಕೇಡು!"

ಹುಡುಗಿ ವಿನಯದಿಂದ, ಈ ಕರೆ ತಮಗೆ ತೃಪ್ತಿ ತಂದಿತೇ ಎಂದು ಕೇಳಿದಳು. 'ಸ್ಯಾಟಿಸ್‌ಫೈಡ್' ಎಂಬ ಮಾತು ಕಿವಿಗೆ ಬಿದ್ದದ್ದೇ ತಡ, ನನಗಿಂತ ಮೊದಲು ಅಕ್ಕ ಉತ್ತರ ಕೊಟ್ಟಳು. "ತುಂಬಾ ತೃಪ್ತಿ ಕಣಮ್ಮ. ಹತ್ತಕ್ಕೆ ಹತ್ತು ಹಾಕ್ಕೋ." ಕರೆ ಮುಗಿಯಿತು. ನಾನು ಕರೆಸಿದ ಸಾಕ್ಷಿಯೇ ನನ್ನ ಮೇಲೆ ಸಾಕ್ಷಿ ಹೇಳಿ, ಪೂರ್ತಿ ಅಂಕ ಪಡೆದು ಹೋಗಿತ್ತು.

ಇದನ್ನೆಲ್ಲ ಅಡುಗೆಮನೆಯ ಬಾಗಿಲಲ್ಲಿ ನಿಂತು ಕೇಳುತ್ತಿದ್ದವಳು ನನ್ನ ಹೆಂಡತಿ ಪದ್ಮ. ಚೆನ್ನೈಯಲ್ಲೇ ಹುಟ್ಟಿ ಬೆಳೆದ ಕನ್ನಡತಿ. ಅವಳ ಕನ್ನಡದಲ್ಲಿ ತಮಿಳು ಮಾತುಗಳು ಒಗ್ಗರಣೆಯ ಸಾಸಿವೆಯಂತೆ ಸಿಡಿಯುತ್ತಿರುತ್ತವೆ.

"ನೆಟ್ಟು ಗಿಟ್ಟು ಅಂತ ಯಾಕ್ರೀ ಸುಮ್ಮಾ ಸುತ್ತಿ ಬಳಸ್ತೀರ? ಆ ಅಪ್‌ಡೇಟು ದಿನಾ ಕಾಲಿಗೆ ಬಿದ್ದು ಕೇಳ್ತಾ ಇತ್ತು, ಈಗ ಮಾಡ್ಲಾ ಈಗ ಮಾಡ್ಲಾ ಅಂತ. ನೀವು ಅಪ್ಪುರಂ, ಅಪ್ಪುರಂ ಅಂತ ಒತ್ತುತ್ತಾ ಇದ್ರಿ. ಅದಕ್ಕೂ ಒಂದು ರೋಷ ಇರಲ್ವಾ? ಅತ್ತಿಗೆಗೆ ಉಳ್ಳದ್ದು ಉಳ್ಳ ಹಾಗೆ ಹೇಳಿ."

ಅಪ್ಪುರಂ ಎಂದರೆ ಆಮೇಲೆ. ಅಡ್ಯಾರಿನ ಪ್ಲಂಬರಿನಿಂದ ಹಿಡಿದು ನನ್ನ ತನಕ ಎಲ್ಲರೂ ಆ ಒಂದು ಪದದ ಮೇಲೆ ಸಂಸಾರ ಸಾಗಿಸುತ್ತಿದ್ದೇವೆ. ಲ್ಯಾಪ್‌ಟಾಪಿನಲ್ಲೂ 'ಆಮೇಲೆ ನೆನಪಿಸು' ಎಂಬ ಗುಂಡಿ ಇರುವುದು ಸೌಜನ್ಯಕ್ಕೆ ಎಂದು ನಾನು ತಿಳಿದಿದ್ದೆ. ಅದು ಸಾಲಗಾರನಿಗೆ ಕೊಡುವ ಗಡುವು ಎಂದು ಯಾರೂ ಹೇಳಿರಲಿಲ್ಲ. ನನ್ನ ಆಮೇಲೆಗಳನ್ನೆಲ್ಲ ಒಟ್ಟು ಮಾಡಿಕೊಂಡು ಅದು ತನ್ನದೇ ಮುಹೂರ್ತ ಇಟ್ಟುಕೊಂಡಿತ್ತು, ಅಕ್ಕನ ಕವಡೆ ಗಾಳಿಯಲ್ಲಿದ್ದಾಗ.

ಸತ್ಯ ಹೇಳಲು ಅಕ್ಕನಿಗೆ ಫೋನ್ ಮಾಡಿದೆ, ತೆಗೆಯಲಿಲ್ಲ. ಮತ್ತೆ ಮಾಡಿದೆ. ಸೊಸೆ ತೆಗೆದು "ಅತ್ತೆ ಪೂಜೇಲಿದ್ದಾರೆ" ಎಂದಳು. ಅಕ್ಕನ ಪೂಜೆ ಇಷ್ಟು ಉದ್ದ ಎಂದೂ ಇರಲಿಲ್ಲ.

ಮುಂದಿನ ಭಾನುವಾರ ಬಂತು. ತಿಂಡಿಯಾಯಿತು. ಅಭ್ಯಾಸಬಲದಿಂದ ಕ್ಯಾಲೆಂಡರಿನ ಮನೆಗಳೆದುರಿಗೆ ಕೂತೆ. ವಾರದಿಂದ ನಾನು ಯಾವ ಕಾಯನ್ನೂ ಅಲುಗಿಸಿರಲಿಲ್ಲ, ಪದ್ಮ ಗುಡಿಸುವಾಗ ಸುತ್ತಲೂ ಬಳಸಿ ಗುಡಿಸಿದ್ದಳು. ಹೊಸ ವ್ಯವಸ್ಥೆಯಿಂದ ಕಂಗೊಳಿಸುತ್ತಿದ್ದ ಲ್ಯಾಪ್‌ಟಾಪ್ ಯಾವ ತಕರಾರೂ ಇಲ್ಲದೆ ತೆರೆದುಕೊಂಡಿತು. ಎಲ್ಲ ಸರಿಯಾಗಿದ್ದೂ ಆ ಕಡೆ ಮನುಷ್ಯರಿಲ್ಲದಿದ್ದರೆ ಅದಕ್ಕೆ ಯಾವ ಕಸ್ಟಮರ್ ಕೇರಿಗೆ ದೂರು ಕೊಡುವುದು? ನನಗೆ ಅಳು ಬರುವ ಹಾಗಾಯಿತು, ಮುಚ್ಚಿಟ್ಟು ಏನು ಪ್ರಯೋಜನ.

ಆಗ ಫೋನ್ ಬಡಿದುಕೊಂಡಿತು. ವೀಡಿಯೊ ಅಲ್ಲ, ಸಾದಾ ಫೋನು.

"ಕಾಯಿ ಹಾಗೇ ಇಟ್ಟಿದೀಯಾ, ಇಲ್ಲ ಗುಡಿಸಿ ಹಾಕಿದ್ಯಾ?" ಎಂದಳು ಅಕ್ಕ.

"ಹಾಗೇ ಇದೆ ಅಕ್ಕ. ನೋಡು, ಅವತ್ತು ನೆಟ್ ಹೋಗಿರಲಿಲ್ಲ. ನಾನು ದಿನಾ ಆಮೇಲೆ ಆಮೇಲೆ ಅಂತ..."

"ಪದ್ಮ ಎಲ್ಲಾ ಹೇಳಿದ್ಲು ಬಿಡು. ಆರಿಸಿದ್ದು ನೀನಲ್ಲ, ಆರೋ ಹಾಗೆ ಮಾಡಿದ್ದು ನೀನೇ. ನಾನೂ ಮಣೆ ಮೇಲೆ ಪುಟ್ಟಿ ಕವುಚಿ ಇಟ್ಟಿದೀನಿ. ಆ ಪೆಟ್ಟಿಗೆ ಸಹವಾಸ ಬೇಡ. ನಾನು ಬಿದ್ದದ್ದು ಹೇಳ್ತೀನಿ, ನೀನು ನಂಬು. ನೀನು ಹೇಳು, ನಾನು ನಂಬ್ತೀನಿ. ಅವತ್ತಿನ ಗರ ನೀನು ನೋಡಿಲ್ಲ ತಾನೆ? ಅದನ್ನ ಬಿಟ್ಟೆ. ಈಗ ಮತ್ತೆ ಹಾಕ್ತೀನಿ."

ಕವಡೆ ಉರುಳಿದ ಸದ್ದು ಕೇಳಿಸಿತು. ಒಂದು ಎಂದು ಹೇಳಿಬಿಟ್ಟರೆ ಆಟ ಮುಗಿಯಿತು. ನೋಡುವವರು ಯಾರೂ ಇಲ್ಲ, ಕ್ಯಾಮೆರಾ ಇಲ್ಲ, ಸಾಕ್ಷಿಯಿಲ್ಲ.

"ಥೂ, ಮೂರು," ಎಂದಳು ಅಕ್ಕ. "ನಿನ್ನ ಸರದಿ."

ಕವಡೆ ಹಾಕಿದೆ. ನಾಲ್ಕೂ ಬೋರಲು ಬಿದ್ದವು. ಬಾರ. ನನ್ನ ಹುಣಸೆಬೀಜದಿಂದ ಸರಿಯಾಗಿ ಎಂಟನೆಯ ಮನೆಯಲ್ಲಿ, ನಡುಮನೆಯ ಹೊಸ್ತಿಲಲ್ಲಿ, ಅಕ್ಕನ ಕೊನೆಯ ಬಳೆಚೂರು ಕೂತಿತ್ತು. ಕಡಿದರೆ ಅದು ಮತ್ತೆ ಮೊದಲಿನಿಂದ ಹೊರಡಬೇಕು. ಮೂರು ಎಂದವಳ ಕಾಯನ್ನು ಹೇಗೆ ಕಡಿಯುವುದು?

"ಎರಡು," ಎಂದೆ.

ಆ ಕಡೆ ಅಕ್ಕ ಮಣೆಯ ಮೇಲೆ ಬೆರಳಿನಿಂದ ಟಕಟಕ ಮನೆ ಎಣಿಸುವ ಸದ್ದು ಕೇಳಿಸಿತು.

"ಎರಡು ಅಂತ ಹೇಳೋಕೆ ಇಷ್ಟು ಹೊತ್ತು ಬೇಕೇನೋ? ಬಾರ ಬಿತ್ತು ತಾನೆ? ನಾನೂ ಮಣೆ ಮುಂದೆ ಇಟ್ಕೊಂಡೇ ಕೂತಿದೀನಿ, ನನಗೂ ಎಣಿಸೋಕೆ ಬರುತ್ತೆ. ನನ್ನನ್ನ ಗೆಲ್ಲಿಸೋದೂ ಮೋಸಾನೇ ಕಣೋ. ಕಡಿ."

ಕಡಿದೆ. ಅಕ್ಕ ಬಾಯಿ ತೆರೆದು ನನ್ನ ಏಳು ತಲೆಮಾರನ್ನೂ ಜಾಲಾಡಿದಳು, ಅವು ಅವಳ ತಲೆಮಾರುಗಳೂ ಹೌದು ಎಂಬುದನ್ನು ಮರೆತು. ಲೈನು ಬಹಳ ಸ್ಪಷ್ಟವಾಗಿತ್ತು. ಒಂದು ಬೈಗುಳವೂ ತುಂಡಾಗಲಿಲ್ಲ.