ಕಂಬದ ಹಿಂದಿನ ಒಂಬತ್ತು ಸೀಟು

ನಮ್ಮ ಭಾವನಷ್ಟು ಕೆಟ್ಟ ವ್ಯಾಪಾರಿಯನ್ನು ನಾನು ಈ ಜನ್ಮದಲ್ಲಿ ನೋಡಿಲ್ಲ. ಫುಟ್‌ಬಾಲ್ ಗ್ರೌಂಡಿನ ಕಿಟಕಿಯಲ್ಲಿ ಕೂತು ಟಿಕೆಟ್ ಮಾರುವುದು ಅವರ ಕೆಲಸ. ಆದರೆ ಬಂದವರಿಗೆ ಮೊದಲು ಹೇಳುತ್ತಿದ್ದದ್ದು, ಆ ಸೀಟಿನಲ್ಲಿ ಕೂತರೆ ಏನೇನು ಕಾಣುವುದಿಲ್ಲ ಎಂಬುದನ್ನು. ಅಲ್ಲಿ ನಾಲ್ಕೂವರೆಯ ಬಿಸಿಲು ನೇರ ಕಣ್ಣಿಗೇ ಹೊಡೆಯುತ್ತದೆ, ಇಲ್ಲಿ ಮೇಲಿನ ತಗಡು ತೂತಾಗಿದೆ, ಮಳೆ ಬಂದರೆ ಎಡಗಡೆಯ ಹೆಗಲು ನೆನೆಯುತ್ತದೆ, ಹೀಗೆ. ಮೂವತ್ತೊಂದು ವರ್ಷ ಹೀಗೆಯೇ ಮಾರಿದರು.

ನಮ್ಮದು ಎರಡನೇ ಡಿವಿಷನ್ ತಂಡ. ಗ್ರೌಂಡಿನ ಮೂರು ಕಡೆ ನಂಬರ್ ಬರೆದ ಸಿಮೆಂಟ್ ಮೆಟ್ಟಿಲು, ಒಂದು ಕಡೆ ತಗಡಿನ ಚಾವಣಿಯ ಸ್ಟ್ಯಾಂಡ್. ಎಲ್ಲ ಸೇರಿ ಮೂರು ಸಾವಿರದ ಇನ್ನೂರ ನಲವತ್ತು ಜನ ಕೂರಬಹುದು. ಸಾಧಾರಣ ಪಂದ್ಯಕ್ಕೆ ಸಾವಿರ ಜನ ಬಂದರೆ ನಾವು ಮೀಸೆ ತಿರುವುತ್ತಿದ್ದೆವು. ತಂಡ ಸಾಲಾಗಿ ಸೋತ ಒಂದು ವರ್ಷ ನಾನೂರು ಜನ ಬಂದದ್ದೂ ಉಂಟು, ಅದರಲ್ಲಿ ಅರ್ಧ ಆಟಗಾರರ ನೆಂಟರು.

ನಾನು ವಾರವೆಲ್ಲ ವೆಲ್ಡಿಂಗ್ ಮಾಡಿ, ಪಂದ್ಯದ ದಿನ ಗೇಟಿನಲ್ಲಿ ನಿಂತು ಟಿಕೆಟ್ ಹರಿಯುತ್ತೇನೆ. ನನ್ನ ಸಿಟ್ಟಿಗೆ ಹೆದರಿ ಟಿಕೆಟ್ ಇಲ್ಲದೆ ಒಂದು ನಾಯಿಯೂ ಒಳಗೆ ಹೋಗುವುದಿಲ್ಲ. ಜನ ನನ್ನನ್ನು ಬೆನ್ನ ಹಿಂದೆ ಕುಕ್ಕರ್ ಎನ್ನುತ್ತಾರೆ. ಎದುರಿಗೆ ಹಾಗೆ ಕರೆಯುವ ಧೈರ್ಯ ಇದ್ದದ್ದು ಭಾವನಿಗೊಬ್ಬರಿಗೇ.

ಅವರ ಹತ್ತಿರ ಒಂದು ದಪ್ಪ ನೋಟ್‌ಪುಸ್ತಕ ಇತ್ತು. ಕೆಲಸಕ್ಕೆ ಸೇರಿದ ಹೊಸತರಲ್ಲಿ, ಪಂದ್ಯ ಇಲ್ಲದ ದಿನಗಳಲ್ಲಿ, ದಿನಕ್ಕೆ ಇಪ್ಪತ್ತು ಇಪ್ಪತ್ತೈದರಂತೆ ಅಷ್ಟೂ ಸೀಟಿನಲ್ಲಿ ಒಂದೊಂದು ಗಳಿಗೆ ಕೂತು, ಅಲ್ಲಿಂದ ಏನು ಕಾಣುತ್ತದೆ, ಏನು ಕಾಣುವುದಿಲ್ಲ ಎಂದು ಪೆನ್ಸಿಲ್ಲಿನಲ್ಲಿ ಬರೆದಿಟ್ಟಿದ್ದರು. ಮೊಣಕಾಲು ನೋವಿನವರಿಗೆ ಯಾವ ಮೆಟ್ಟಿಲು, ಕೂಗಾಡುವವರಿಗೆ ಯಾವ ಮೂಲೆ, ಎಲ್ಲ ಅದರಲ್ಲಿತ್ತು. ಇಷ್ಟು ಬಲ್ಲ ಮನುಷ್ಯ ಒಂದು ಪಂದ್ಯವನ್ನೂ ಸರಿಯಾಗಿ ನೋಡಿದವರಲ್ಲ. ಆಟ ಶುರುವಾದ ಕೂಡಲೇ ಗೇಟಿನಲ್ಲಿ ಹರಿದಿಟ್ಟುಕೊಂಡ ಅರ್ಧಚೀಟಿಗಳನ್ನು ಮುಂದೆ ಹರವಿಕೊಂಡು ಎಷ್ಟು ಜನ ಬಂದರು ಎಂದು ಎಣಿಸಬೇಕು. ಅರ್ಧ ಆಟ ಮುಗಿದಾಗ ಆ ಸಂಖ್ಯೆಯನ್ನು ಮೈಕಿನಲ್ಲಿ ಹೇಳುತ್ತಿದ್ದರು. ಒಳಗಿನಿಂದ ಬರುವ ಕೂಗು ಕೇಳಿಯೇ ಗೋಲು ನಮ್ಮದೋ ಅವರದೋ ಎಂದು ಭಾವ ಹೇಳಿಬಿಡುತ್ತಿದ್ದರು. ಒಂದು ಸಲವೂ ತಪ್ಪಿದ್ದಿಲ್ಲ.

ತಕರಾರು ಇದ್ದದ್ದು ಸ್ಟ್ಯಾಂಡಿನಲ್ಲಿ. ಚಾವಣಿ ಹೊತ್ತ ಕಬ್ಬಿಣದ ಕಂಬಗಳಲ್ಲಿ ನಡುವಿನದು ಆನೆಯ ಕಾಲಿನಷ್ಟು ದಪ್ಪ. ಅದರ ಹಿಂದೆ ಮೂರು ಸಾಲಿನಲ್ಲಿ ಮೂರು ಮೂರರಂತೆ ಒಂಬತ್ತು ಸೀಟು. ಪುಸ್ತಕದಲ್ಲಿ ಆ ಒಂಬತ್ತಕ್ಕೂ ಒಂದೇ ಮಾತು: "ಬಲಗಡೆಯ ಗೋಲು ಕಾಣುವುದಿಲ್ಲ." ಇದನ್ನು ಕಿಟಕಿಯಲ್ಲಿ ಹೇಳಿದ ಮೇಲೆ ಯಾರು ಕೊಳ್ಳುತ್ತಾರೆ? ಆ ಸೀಟುಗಳ ಮೇಲೆ ಪಾರಿವಾಳ ಕೂರುತ್ತಿದ್ದವು.

ಇನ್ನೊಂದು ವಸ್ತು ಇತ್ತು. ಭಾವ ಸೇರಿದ ವರ್ಷ ಅಂದಿನ ಕಾರ್ಯದರ್ಶಿ ಉಮೇದಿನಲ್ಲಿ ಬರೆಸಿದ "ಹೌಸ್‌ಫುಲ್" ಬೋರ್ಡು. ಕೆಂಪು ಬಣ್ಣ, ಬಿಳಿ ಅಕ್ಷರ. ಅದನ್ನು ನೇತುಹಾಕುವ ಭಾಗ್ಯ ಯಾರಿಗೂ ಬರಲಿಲ್ಲ. ಬೀರುವಿನ ಹಿಂದೆ, ಹಳೇ ಪೇಪರಿನಲ್ಲಿ ಸುತ್ತಿ ಇಟ್ಟಿದ್ದರು. ವರ್ಷಕ್ಕೊಮ್ಮೆ ಬಿಚ್ಚಿ ಒರೆಸಿ, ಪೇಪರ್ ಬದಲಿಸಿ, ಮತ್ತೆ ಅಲ್ಲೇ ಇಡುತ್ತಿದ್ದರು. ನನ್ನ ಅಕ್ಕ, ಎಂದರೆ ಅವರ ಹೆಂಡತಿ, ಮನೆಯ ಕಿಟಕಿ ಒರೆಸಿ ಎಂದರೆ ಇವರಿಗೆ ಸೊಂಟ ನೋವು, ಆ ಬೋರ್ಡು ಒರೆಸುವಾಗ ಎಲ್ಲಿ ಹೋಗುತ್ತದೋ ಎಂದು ಆಡಿಕೊಳ್ಳುತ್ತಿದ್ದಳು. ರಜೆಯ ದಿನಗಳನ್ನೆಲ್ಲ ಗ್ರೌಂಡು ನುಂಗಿಹಾಕಿತು ಎಂದು ಅವಳಿಗೆ ಸಿಟ್ಟು. ಹಾಗಾಗಿ ಒಂದು ದಿನವೂ ಗೇಟು ದಾಟಿದವಳಲ್ಲ.

ಹನ್ನೆರಡು ವರ್ಷದ ಹಿಂದೆ ಒಮ್ಮೆ ಇನ್ನೇನು ಬೋರ್ಡು ಏರಬೇಕಿತ್ತು. ಆ ಒಂಬತ್ತು ಬಿಟ್ಟು ಎಲ್ಲ ಮಾರಿಹೋಗಿತ್ತು. ನೇತುಹಾಕಿ ಎಂದು ಎಲ್ಲರೂ ಹೇಳಿದರು. ಭಾವ ಒಪ್ಪಲಿಲ್ಲ. ನಾನು ಒಂದು ವಾರ ಅವರ ಜೊತೆ ಮಾತು ಬಿಟ್ಟಿದ್ದೆ.

ಈ ವರ್ಷ ಅವರ ಸರ್ವೀಸು ಮುಗಿಯಿತು. ಕೊನೆಯ ದಿನವೇ ವರ್ಷದ ಕೊನೆಯ ಪಂದ್ಯ. ಗೆದ್ದರೆ ತಂಡ ಮೊದಲನೇ ಡಿವಿಷನ್ನಿಗೆ. ಹಿಂದಿನ ವಾರದಿಂದಲೇ ಜನ ಟಿಕೆಟ್ಟಿಗೆ ಮುಗಿಬಿದ್ದರು. ಕಿಟಕಿಯ ಮೇಲೆ ಗಟ್ಟಿಯಾದ ಒಂದು ಕೊಕ್ಕೆ ಬೆಸೆದು ಕೊಡು ಎಂದು ಭಾವ ಕೇಳಿದಾಗಲೇ ನನಗೆ ಎಲ್ಲ ಅರ್ಥವಾಯಿತು. ಕೊಕ್ಕೆ ಬೆಸೆದೆ. ಆನೆ ತೂಗಿದರೂ ಬೀಳದ ಹಾಗೆ ಬೆಸೆದೆ.

ಅವತ್ತು ಮಧ್ಯಾಹ್ನ ಎರಡು ಗಂಟೆಗೆ ಉಳಿದದ್ದು ಮತ್ತೆ ಅದೇ ಒಂಬತ್ತು. ಭಾವ ಸಾಲಿನಲ್ಲಿದ್ದವರಿಗೆ ಕಂಬದ ಪುರಾಣ ಹೇಳುತ್ತಿದ್ದರು, ಜನ ಗೊಣಗಿಕೊಂಡು ವಾಪಸ್ ಹೋಗುತ್ತಿದ್ದರು. ಈಗಿನ ಕಾರ್ಯದರ್ಶಿ ಓಡಿಬಂದು, ಕೇಳದೆ ಇದ್ದವರಿಗೆ ಯಾಕೆ ಹೇಳುತ್ತೀರಿ, ಬಾಯಿ ಮುಚ್ಚಿಕೊಂಡು ಟಿಕೆಟ್ ಕೊಡಿ, ಅದಾಗಿಯೇ ಹೋಗುತ್ತದೆ ಎಂದರು. ನನಗೂ ಹಾಗೆಯೇ ಅನ್ನಿಸಿತು. ಭಾವ ಕನ್ನಡಕ ಒರೆಸಿಕೊಂಡು, "ಸಾರ್, ಅವರು ಒಳಗೆ ಹೋಗಿ ಬೈಯೋದು ನಿಮ್ಮನ್ನಲ್ಲ, ಕಂಬಾನೂ ಅಲ್ಲ, ನನ್ನ" ಎಂದರು.

ಆಮೇಲೆ ಅವರಿಗೆ ಏನು ಹೊಳೆಯಿತೋ. ಕಾಣುವುದಿಲ್ಲ ಎಂದು ಹೇಳುವುದನ್ನು ಬಿಡಲಿಲ್ಲ, ಕಾಣದಿದ್ದರೂ ನಡೆಯುವವರನ್ನು ಹುಡುಕತೊಡಗಿದರು. ಎದುರು ರಸ್ತೆಯ ಕ್ಷೌರಿಕನಿಗೆ ಪೆನಾಲ್ಟಿ ಬಂದರೆ ಎದೆ ಡವಗುಟ್ಟುತ್ತದೆ, ಹೇಗೂ ಕಣ್ಣು ಮುಚ್ಚಿಕೊಳ್ಳುತ್ತಾನೆ. ಅವನಿಗೊಂದು. ಗಂಡನ ಜೊತೆಗೆಂದು ಬಂದು ಸ್ವೆಟರ್ ಹೆಣೆಯುವ ಟೀಚರಮ್ಮನಿಗೊಂದು. ನೆರಳಿದ್ದರೆ ಸಾಕು ಎಂದು ಆಕೆಯೇ ನಕ್ಕರು. ಕತ್ತು ಉದ್ದ ಇರುವ ನಾಲ್ವರು ಅಣ್ಣತಮ್ಮಂದಿರು ಪುಸ್ತಕ ಓದಿ ನೋಡಿ, ಬಗ್ಗಿ ನೋಡುತ್ತೇವೆ ಎಂದು ನಾಲ್ಕು ಕೊಂಡರು. ಲಾರಿ ಡ್ರೈವರೊಬ್ಬ ನನಗೆ ಎಡಗಡೆಯ ಗೋಲು ಸಾಕು ಎಂದ. ರೇಡಿಯೋ ಕಿವಿಗೆ ಹಿಡಿದುಕೊಂಡೇ ಪಂದ್ಯ ನೋಡುವ ಪಿಂಚಣಿ ಮುದುಕರಿಗೆ ಎಂಟನೆಯದು.

ಒಂದೇ ಒಂದು ಉಳಿಯಿತು. ಆಗ ಭಾವ ನನ್ನನ್ನು ಕರೆದು, ಹಿಂದಿನ ಗೋಡೆಯ ಹತ್ತಿರ ಹೋಗಿ ನಮ್ಮ ತಂಡದ ಗೋಲ್‌ಕೀಪರನ ಅಮ್ಮನನ್ನು ಕರೆದುಕೊಂಡು ಬಾ ಎಂದರು. ಆ ತಾಯಿ ಆರು ವರ್ಷದಿಂದ ಹೊರಗಡೆಯೇ ನಿಂತು ಕೂಗು ಕೇಳಿಸಿಕೊಂಡು ಹೋಗುವವರು. ಮಗನ ಮೇಲೆ ಚೆಂಡು ಬರುವುದನ್ನು ನೋಡಲು ಅವರಿಗೆ ಆಗುವುದಿಲ್ಲ. ಭಾವ ಟಿಕೆಟ್ ತೋರಿಸಿ, "ತಾಯಿ, ಇಲ್ಲಿ ಯಾವಾಗಲೂ ಮೊದಲ ಅರ್ಧ ನಿಮ್ಮ ಮಗ ಬಲಗಡೆ ನಿಲ್ತಾನೆ. ಈ ಸೀಟಿಂದ ಅವನ ಗೋಲು ಕಾಣಲ್ಲ. ಎರಡನೇ ಅರ್ಧಕ್ಕೆ ಬೇಕಾದರೆ ಎದ್ದು ಬನ್ನಿ" ಎಂದರು. ಆಕೆ ಸೆರಗಿನಿಂದ ಮುಖ ಒರೆಸಿಕೊಂಡು ಒಳಗೆ ಹೋದರು.

ಮೂರೂಮುಕ್ಕಾಲಿಗೆ ಬೋರ್ಡು ಏರಿತು. ಭಾವ ಸ್ಟೂಲಿನ ಮೇಲೆ ಹತ್ತಿ ತಾವೇ ಸಿಕ್ಕಿಸಿದರು. ಕೆಳಗಿದ್ದವರೆಲ್ಲ ಚಪ್ಪಾಳೆ ತಟ್ಟಿದರು. ಅಕ್ಕನೂ ಬಂದಿದ್ದಳು, ಊಟದ ಡಬ್ಬಿ ಮರೆತುಬಂದಿದ್ದಿರಿ ಎಂದು ನೆಪ, ಬಂದದ್ದು ಬೋರ್ಡು ನೋಡಲು.

ಐದು ನಿಮಿಷ ಆಗಿರಲಿಲ್ಲ, ಲಾರಿ ಡ್ರೈವರ್ ಏದುಸಿರು ಬಿಡುತ್ತ ವಾಪಸ್ ಬಂದ. ಲೋಡು ಈಗಲೇ ಹೊರಡಬೇಕೆಂದು ಮಾಲೀಕರ ಫೋನು. ಆಟ ಶುರುವಾಗುವ ತನಕ ಟಿಕೆಟ್ ಹಿಂದಿರುಗಿಸಬಹುದು, ಅದು ನಿಯಮ. ಭಾವ ದುಡ್ಡು ಕೊಟ್ಟರು. ಟಿಕೆಟ್ ತಿರುಗಿಸಿ ನೋಡಿದರು. ಸಾಲು ಖಾಲಿ, ರಸ್ತೆಯಲ್ಲಿ ನರಪಿಳ್ಳೆಯಿಲ್ಲ. ಅವರು ಸ್ಟೂಲ್ ಎಳೆದುಕೊಂಡು ಬೋರ್ಡಿಗೆ ಕೈ ಹಾಕಿದರು.

ನನ್ನ ಮೈ ಉರಿದುಹೋಯಿತು. ಸ್ಟೂಲಿನ ಕಾಲು ಹಿಡಿದುಕೊಂಡೆ. "ಇಳೀರಿ ಭಾವ. ಕಂಬದ ಹಿಂದೆ ಎಷ್ಟು ಜನ ಕೂತಿದಾರೆ ಅಂತ ಯಾರು ಎಣಿಸ್ತಾರೆ?"

"ಮೂವತ್ತೊಂದು ವರ್ಷದಿಂದ ನಾನೇ ಅಲ್ವೇನಪ್ಪ ಎಣಿಸ್ತಿರೋದು?"

ಹಾಗಾದರೆ ಆ ಟಿಕೆಟ್ ನಾನೇ ಕೊಳ್ಳುತ್ತೇನೆ ಎಂದು ಜೇಬಿಗೆ ಕೈ ಹಾಕಿದೆ. ಕೆಲಸದವರು ಕೊಂಡದ್ದು ಲೆಕ್ಕಕ್ಕೆ ಬರುವುದಿಲ್ಲ, ಅದೂ ನಿಯಮವಂತೆ. ಆ ನಿಯಮ ಬರೆದವನನ್ನು ನಾನು ಬೈದ ಬೈಗುಳ ಇಲ್ಲಿ ಬರೆಯುವಂಥದ್ದಲ್ಲ. ಬೋರ್ಡು ಕೊಕ್ಕೆಯಿಂದ ಅರ್ಧ ಎದ್ದಿತ್ತು.

ಅಷ್ಟರಲ್ಲಿ ಅಕ್ಕ ಡಬ್ಬಿಯನ್ನು ನನ್ನ ಕೈಗೆ ಕೊಟ್ಟು ಕಿಟಕಿಯ ಮುಂದೆ ನಿಂತಳು. "ರೀ, ಇಳಿದು ಒಳಗೆ ಬನ್ನಿ. ಒಂದು ಟಿಕೆಟ್ ಕೊಡಿ."

ಭಾವ ಇಳಿದರು. ಒಳಗೆ ಹೋಗಿ ಕೂತರು. ಕನ್ನಡಕ ಏರಿಸಿ, ಪುಸ್ತಕ ತೆರೆದು, ಕಟ್ಟಿಕೊಂಡ ಹೆಂಡತಿಗೂ ಅದೇ ಪಾಠ ಒಪ್ಪಿಸಿದರು. "ಮುಂದೆ ಒಂದು ಕಂಬ ಇದೆ ಕಣೇ. ಬಲಗಡೆ ಗೋಲು ಕಾಣಲ್ಲ."

"ಮನೇಲಿ ಒಂದು ಕಂಬದ ಎದುರು ಮೂವತ್ತು ವರ್ಷ ಕೂತಿದೀನಿ. ಇದೊಂದು ನನಗೆ ಯಾವ ಲೆಕ್ಕ? ಬೇಗ ಹರೀರಿ."

ಕಾರ್ಯದರ್ಶಿಯೂ ನಕ್ಕರು. ಗೇಟಿನಲ್ಲಿ ಅಕ್ಕನ ಟಿಕೆಟ್ ಹರಿದವನು ನಾನೇ. ಚೀಟಿ ಸೊಟ್ಟಗೆ ಹರಿಯಿತು. ಅಕ್ಕ, ನಿನಗೆ ಈ ಕೆಲಸವೂ ನೆಟ್ಟಗೆ ಬರಲ್ವೇನೋ ಎಂದು ಹೇಳಿ ಒಳಗೆ ಹೋದಳು.

ಅರ್ಧ ಆಟ ಮುಗಿದ ಮೇಲೆ ಭಾವ ಮೈಕಿನಲ್ಲಿ ಮೂರು ಸಾವಿರದ ಇನ್ನೂರ ನಲವತ್ತು ಎಂದಾಗ ತಗಡಿನ ಮೇಲಿದ್ದ ಪಾರಿವಾಳಗಳೆಲ್ಲ ಎದ್ದುಹೋದವು. ಪಂದ್ಯ ಒಂದಕ್ಕೊಂದು ಸಮ ಆಯಿತು. ಮೊದಲನೇ ಡಿವಿಷನ್ ತಪ್ಪಿತು, ಮುಂದಿನ ವರ್ಷವೂ ನಾವು ಎರಡನೆಯದರಲ್ಲೇ. ನಾನು ಅದಕ್ಕೆ ಗೇಟು ಒದ್ದೆ. ಭಾವನಿಗೆ ಆ ದುಃಖ ತಟ್ಟಿದ ಹಾಗೆ ಕಾಣಲಿಲ್ಲ.

ಎಲ್ಲರೂ ಹೋದ ಮೇಲೆ ನಾವು ಮೂವರು ಕಿಟಕಿಯ ಒಳಗಡೆ ಕೂತು ಡಬ್ಬಿ ಬಿಚ್ಚಿದೆವು. ಹೇಗಿತ್ತು ಆಟ ಎಂದು ಭಾವ ಕೇಳಿದರು. ಬಲಗಡೆ ಓಡಿಹೋದವರೆಲ್ಲ ಎಷ್ಟೋ ಹೊತ್ತು ಬರುವುದೇ ಇಲ್ಲ, ಅಲ್ಲಿ ಏನು ಮಾಡುತ್ತಿರುತ್ತಾರೆ ಎಂದು ಅಕ್ಕ ಕೇಳಿದಳು. ಪಕ್ಕದಲ್ಲಿದ್ದ ಗೋಲ್‌ಕೀಪರನ ಅಮ್ಮ ಎರಡನೇ ಅರ್ಧದಲ್ಲೂ ಏಳಲಿಲ್ಲವಂತೆ, ಅಕ್ಕನ ಕೈ ಹಿಡಿದುಕೊಂಡೇ ಕೂತಿದ್ದರಂತೆ.

ಭಾವ ನೋಟ್‌ಪುಸ್ತಕ ಎಳೆದುಕೊಂಡರು. ನಾಳೆ ಅದನ್ನು ಕಿಟಕಿಗೆ ಬರುವ ಹೊಸಬರಿಗೆ ಒಪ್ಪಿಸಬೇಕಿತ್ತು. ಆ ಪುಟ ತೆಗೆದು, ಪೆನ್ಸಿಲ್ಲಿನ ತುದಿ ನಾಲಿಗೆಗೆ ತಾಗಿಸಿ, "ಬಲಗಡೆಯ ಗೋಲು ಕಾಣುವುದಿಲ್ಲ" ಎಂಬುದರ ಕೆಳಗೆ ಇನ್ನೊಂದು ಸಾಲು ಬರೆದರು. ನಾನು ಬಗ್ಗಿ ಓದಿದೆ.

"ಜೊತೆ ಚೆನ್ನಾಗಿದ್ದರೆ ಕೂರಬಹುದು."