ನಮ್ಮೂರ ಅಚ್ಚುಕಟ್ಟಾದ ಬಸ್ ಸ್ಟಾಪು

ನಮ್ಮೂರಿಗೆ ಬರುವವರಿಗೆ ಮೊದಲು ಕಾಣುವುದು ಒಂದು ದೋಣಿ. ಸಮುದ್ರ ಇಲ್ಲಿಂದ ಒಂದು ಗಂಟೆಯ ದಾರಿ. ಹೊಳೆ ಎಂದು ಊರಿನವರು ಕರೆಯುವುದರಲ್ಲಿ ಮೊಣಕಾಲು ಮುಳುಗುವುದಿಲ್ಲ. ಆದರೂ ರಸ್ತೆ ಬದಿಯ ಹುಲ್ಲಿನ ಮೇಲೆ ದೋಣಿಯೊಂದನ್ನು ತಂದಿಟ್ಟು, ನೀಲಿ ಬಣ್ಣ ಬಳಿದು, ಒಳಗೆಲ್ಲ ಹೂಗಿಡ ನೆಟ್ಟಿದ್ದಾರೆ. ದೋಣಿ ದಾಟಿದರೆ ಮುಖ್ಯ ಬೀದಿ. ಎರಡು ಬ್ಯಾಂಕಿದ್ದವಂತೆ, ಎರಡೂ ಮುಚ್ಚಿವೆ. ಸಿನಿಮಾ ಮಂದಿರ, ಹಾಲಿನ ಡೈರಿ, ಹೋಟೆಲು, ದನದ ಸಂತೆ ಎಲ್ಲವೂ ‘ಇದ್ದವಂತೆ’ ಪಟ್ಟಿಗೇ ಸೇರಿವೆ. ಈಗ ಉಳಿದಿರುವುದು ಎರಡು ಪಬ್ಬು, ಒಂದು ಚೈನೀಸ್ ಟೇಕ್‌ಅವೇ, ಕುದುರೆ ಜೂಜಿನ ಅಂಗಡಿ, ಮತ್ತೆ ಶವಸಂಸ್ಕಾರದ ಏರ್ಪಾಡು ಮಾಡಿಕೊಡುವವರ ಆಫೀಸು. ಕೊನೆಯದಕ್ಕೆ ಮಾತ್ರ ಗಿರಾಕಿ ತಪ್ಪಿಲ್ಲ. ಬಾಗಿಲು ಮುಚ್ಚಿದ ಪ್ರತಿ ಅಂಗಡಿಯ ಕಿಟಕಿಯ ಕೆಳಗೂ ಮರದ ಡಬ್ಬಿ, ಡಬ್ಬಿಯ ತುಂಬ ಕೆಂಪು ಜೆರೇನಿಯಂ ಹೂ. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಎಂದು ನಮ್ಮಜ್ಜಿ ಯಾರನ್ನು ನೋಡಿ ಹೇಳುತ್ತಿದ್ದಳೋ ಗೊತ್ತಿಲ್ಲ. ಈ ಊರನ್ನಂತೂ ಅವಳು ನೋಡಿರಲಿಲ್ಲ.

ನಾನು ಹುಟ್ಟಿದ್ದು ಬಳ್ಳಾರಿ ಕಡೆಯ ಒಂದು ಒಣ ಊರಿನಲ್ಲಿ. ಅಲ್ಲಿ ಧೂಳಿಗೆ ಬರವಿರಲಿಲ್ಲ, ಉಳಿದದ್ದಕ್ಕೆಲ್ಲ ಇತ್ತು. ಊರಿನ ಬಗ್ಗೆ ಹೆಮ್ಮೆ ಪಡಬೇಕು ಎಂದು ಅಲ್ಲಿ ಯಾರಿಗೂ ಹೊಳೆದಿರಲಿಲ್ಲ. ಹಂದಿಗಳು ಮುನ್ಸಿಪಾಲಿಟಿಯ ಮೆಟ್ಟಿಲ ಮೇಲೇ ಮಲಗುತ್ತಿದ್ದವು. ಆದರೆ ಅರ್ಧ ಗಂಟೆಗೊಂದು ಬಸ್ಸಿತ್ತು. ಇದನ್ನು ಇಲ್ಲಿ ಹೇಳಲು ಕಾರಣವಿದೆ.

ಈ ದೇಶಕ್ಕೆ ಬಂದು ರಾಜಧಾನಿಯ ಅಂಚಿನ ಲೂಕನ್‌ನಲ್ಲಿ ನಾಲ್ಕು ವರ್ಷ ಬಾಡಿಗೆ ಮನೆಯಲ್ಲಿದ್ದ ನಮಗೆ ಸ್ವಂತದ್ದು ಎಂದು ಕೈಗೆ ಎಟುಕಿದ್ದು ಈ ಊರಿನ ಒಂದು ಮನೆ. ನನ್ನ ಕೆಲಸ ಡ್ರೋಹೆಡಾ ಪಟ್ಟಣದ ಆಸ್ಪತ್ರೆಯ ಲ್ಯಾಬಿನಲ್ಲಿ. ಗಂಡನ ಫ್ಯಾಕ್ಟರಿ ಅದಕ್ಕೆ ಸರಿಯಾಗಿ ವಿರುದ್ಧ ದಿಕ್ಕಿಗೆ. ಇರುವ ಒಂದು ಕಾರನ್ನು ಅವನು ಬೆಳಗಿನ ಐದಕ್ಕೇ ತೆಗೆದುಕೊಂಡು ಹೋಗುತ್ತಾನೆ. ಇನ್ನೊಂದು ಕಾರು ಕೊಳ್ಳೋಣವೆಂದರೆ ನನಗೆ ಲೈಸೆನ್ಸಿಲ್ಲ. ಡ್ರೈವಿಂಗ್ ಟೆಸ್ಟಿನಲ್ಲಿ ಮೂರು ಸಲ ಫೇಲಾಗಿದ್ದೇನೆ, ಮೂರೂ ಸಲ ರೌಂಡಬೌಟಿನಲ್ಲೇ. ನಾಲ್ಕನೆಯ ಸಲಕ್ಕೆ ಹೆಸರು ಬರೆಸಿ ತಿಂಗಳುಗಟ್ಟಲೆ ಕಾಯುತ್ತಿದ್ದೇನೆ. ಹಾಗಾಗಿ ಬೆಳಿಗ್ಗೆ ಆರೂ ಐವತ್ತಕ್ಕೆ ಬರುವ ಆ ಒಂದು ಬಸ್ಸೇ ನನ್ನ ಉದ್ಯೋಗ, ನನ್ನ ಸಂಸಾರ ಎಲ್ಲವನ್ನೂ ಹಿಡಿದಿಟ್ಟಿತ್ತು. ಮಗಳನ್ನು ಎದುರು ಮನೆಯವರು ಸ್ಕೂಲಿಗೆ ಬಿಡುತ್ತಿದ್ದರು. ಸಂಜೆ ಅವಳು ಹೋಮ್‌ವರ್ಕ್ ತೆಗೆಯುವ ಹೊತ್ತಿಗೆ ನಾನು ಮನೆಯಲ್ಲಿರುತ್ತಿದ್ದೆ.

ಊರಿಗೆ ಬಂದವಳು ನೀರಿಗೆ ಬಾರದಿರುತ್ತಾಳೆಯೇ? ಎರಡನೇ ವರ್ಷಕ್ಕೆ ನಾನೂ ಊರಿನ ಅಚ್ಚುಕಟ್ಟು ಸಮಿತಿಗೆ ಸೇರಿದೆ. ಈ ದೇಶದಲ್ಲಿ ಸ್ವಚ್ಛ, ಸುಂದರ ಊರುಗಳಿಗೆಂದೇ ಒಂದು ಸ್ಪರ್ಧೆಯಿದೆ. ಅದರ ತೀರ್ಪುಗಾರರು ಬೇಸಿಗೆಯಲ್ಲಿ ಯಾವ ದಿನ, ಯಾವ ಹೊತ್ತಿಗೆ ಬರುತ್ತಾರೆಂದು ಮುಂಚೆ ತಿಳಿಸುವುದಿಲ್ಲ. ಬಂದು, ಯಾರಿಗೂ ಗೊತ್ತಾಗದ ಹಾಗೆ ಸುತ್ತಾಡಿ, ಬರೆದುಕೊಂಡು ಹೋಗುತ್ತಾರೆ. ಆದ್ದರಿಂದ ಜೂನ್ ಬಂತೆಂದರೆ ನಮ್ಮೂರಿನಲ್ಲಿ ಅಪರಿಚಿತ ಗಂಡಸು ಸೀನಿದರೂ ಜಡ್ಜು. ಒಮ್ಮೆ ಚಿಮಣಿ ಗುಡಿಸಲು ಬಂದವನಿಗೆ ಕೇಕು ತಿನ್ನಿಸಿ, ಹಳೇ ಚರ್ಚನ್ನೆಲ್ಲ ತೋರಿಸಿ ಕಳಿಸಿದ್ದರು.

ಸಮಿತಿಯ ಅಧ್ಯಕ್ಷೆ ಎಪ್ಪತ್ತು ದಾಟಿದ ನಿವೃತ್ತ ಮೇಡಂ. ಊರಿನ ಅರ್ಧ ಜನಕ್ಕೆ ಅಕ್ಷರ ಕಲಿಸಿದವರು. ಆ ಅರ್ಧ ಜನವೂ ಈಗ ಆಸ್ಟ್ರೇಲಿಯಾದಲ್ಲಿದ್ದಾರೆ. ಉಳಿದವರಿಗೆ ಇವರೆಂದರೆ ಇವತ್ತಿಗೂ ನಡುಕ. ಹಿಂದಿನ ವರ್ಷ ನಮ್ಮೂರು ಸ್ವಲ್ಪದರಲ್ಲೇ ಪದಕ ಕಳೆದುಕೊಂಡಿತ್ತು. ತೀರ್ಪಿನಲ್ಲಿ ಒಂದು ಸಾಲಿತ್ತು: ಬಸ್ ನಿಲ್ದಾಣದ ಸುತ್ತಮುತ್ತ ಕಸ, ಸಿಗರೇಟಿನ ತುಂಡು, ಒಟ್ಟಾರೆ ಅಸ್ತವ್ಯಸ್ತ. ಆ ಸಾಲನ್ನು ಮೇಡಂ ಬಾಯಿಪಾಠ ಮಾಡಿಟ್ಟಿದ್ದರು. ಸಮಿತಿಯ ಸಭೆಯಲ್ಲಿ ಅದನ್ನು ಓದಿ, ಕನ್ನಡಕದ ಮೇಲಿಂದ ನನ್ನನ್ನೇ ನೋಡಿ ಹೇಳಿದರು: “ನೀನು ದಿನಾ ಅಲ್ಲೇ ನಿಲ್ಲೋಳು. ಸ್ಟಾಪು ನಿನ್ನ ಜವಾಬ್ದಾರಿ.”

ನನಗೋ ಹಿಗ್ಗು. ಸುಳ್ಳು ಯಾಕೆ ಹೇಳಲಿ, ಯಾರೋ ನಮ್ಮವಳು ಅಂದುಕೊಂಡು ಕೆಲಸ ಹಚ್ಚಿದರಲ್ಲ ಎಂದು ಕಣ್ಣು ತುಂಬಿತ್ತು. ಮನೆಯ ಸಿಂಕನ್ನು ಅಷ್ಟು ಚೆನ್ನಾಗಿ ತಿಕ್ಕಿದವಳಲ್ಲ, ಆ ಸ್ಟಾಪಿನ ಗಾಜನ್ನು ಹಳೇ ಟೂತ್‌ಬ್ರಶ್ ಹಿಡಿದು ತಿಕ್ಕಿದೆ. ಬೆಂಚಿಗೆ ಹಸಿರು ಬಣ್ಣ ಹೊಡೆದೆ. ಎರಡೂ ಕಡೆ ಹೂಬುಟ್ಟಿ ತೂಗಿಹಾಕಿದೆ. “ಏನೇ ಇದು, ಬಸ್ ಸ್ಟಾಪೋ ಮದ್ವೆ ಮಂಟಪಾನೋ?” ಎಂದು ಗಂಡ ಕೇಳಿದ. ಹೊಟ್ಟೆಕಿಚ್ಚಿಗೆ ಹೇಳ್ತಾನೆ ಅಂದುಕೊಂಡೆ.

ಆಮೇಲೊಂದು ಭಾನುವಾರ ಸಂಜೆ ಆ ಮನುಷ್ಯನನ್ನು ಮೊದಲು ಕಂಡವಳು ನಾನೇ. ಸ್ಟಾಪಿನ ಎದುರು ಬೂದು ಬಣ್ಣದ ಪುಟ್ಟ ಕಾರು ನಿಲ್ಲಿಸಿದ. ಇಳಿದು ಗಾಜನ್ನು ನೋಡಿದ, ಬೆಂಚನ್ನು ನೋಡಿದ, ರಸ್ತೆಯ ಆಚೆ ಈಚೆ ನೋಡಿ ಪುಸ್ತಕದಲ್ಲಿ ಬರೆದುಕೊಂಡ. ನನ್ನ ಹೂಬುಟ್ಟಿ ನೋಡಿ ಮುಗುಳ್ನಕ್ಕ. ಕೂಡಲೇ ಮೇಡಂಗೆ ಫೋನ್ ಮಾಡಿದೆ: “ಜಡ್ಜು ಬಂದಿದ್ದಾರೆ. ನಮ್ಮ ಸ್ಟಾಪನ್ನೇ ನೋಡ್ತಿದ್ದಾರೆ.”

ಮೇಡಂ ಮೆಲ್ಲಗೆ ಕೇಳಿದರು: “ನಾಳೆ ಬೆಳಿಗ್ಗೆ ಅಲ್ಲಿ ಎಷ್ಟು ಜನ ನಿಂತಿರ್ತೀರಿ?”

ಎಂಟು ಒಂಬತ್ತು ಜನ ಎಂದೆ.

“ಸಿಗರೇಟು ಸೇದೋರು?”

“ಮೂರು.”

“ಬೇಡ,” ಎಂದರು ಮೇಡಂ. “ಯಾರೂ ಬೇಡ. ಜಡ್ಜು ಇರೋವರೆಗೆ ಅಲ್ಲಿ ಒಂದು ನರಪಿಳ್ಳೆ ನಿಲ್ಲಬಾರದು.”

ಏರ್ಪಾಡು ಎಷ್ಟು ಚುರುಕಾಗಿತ್ತೆಂದರೆ, ಈ ಊರಿನಲ್ಲಿ ಬ್ಯಾಂಕ್ ಮುಚ್ಚುವಾಗ ಅದರ ಕಾಲು ಭಾಗ ಓಡಾಡಿದ್ದರೂ ಅದು ಉಳಿಯುತ್ತಿತ್ತೇನೋ. ಸಮಿತಿಯ ಕಾರ್ಯದರ್ಶಿಯೇ ಶವಸಂಸ್ಕಾರದ ಆಫೀಸಿನ ಯಜಮಾನರು. ಸತ್ತವರ ಮನೆಯವರನ್ನು ಸ್ಮಶಾನಕ್ಕೆ ಕರೆದೊಯ್ಯುವ ಕಪ್ಪು ವ್ಯಾನು ಅವರದು. ಸೋಮವಾರ ಬೆಳಿಗ್ಗೆ ಬಸ್ಸಿನ ಪ್ರಯಾಣಿಕರೆಲ್ಲ ಚರ್ಚಿನ ಹಿಂದೆ ಸೇರುವುದು, ಅಲ್ಲಿಂದ ವ್ಯಾನು ಎಲ್ಲರನ್ನೂ ಪುಕ್ಕಟೆಯಾಗಿ ಡ್ರೋಹೆಡಾಕ್ಕೆ ಬಿಟ್ಟು, ಸಂಜೆ ವಾಪಸ್ ಕರೆತರುವುದು ಎಂದಾಯಿತು. ಮನೆ ಮನೆಗೆ ಹೋಗಿ ಎಲ್ಲರಿಗೂ ಹೇಳಿ ಬರುವ ಕೆಲಸ ಯಾರದು? ನನ್ನದೇ.

ಸ್ಟಾಪಿನಲ್ಲಿ ದಿನಾ ನನ್ನ ಪಕ್ಕ ನಿಲ್ಲುವ ಒಬ್ಬ ಮುದುಕರಿದ್ದರು. ಅವರ ಹೆಂಡತಿ ಡ್ರೋಹೆಡಾದ ಒಂದು ವೃದ್ಧಾಶ್ರಮದಲ್ಲಿದ್ದಾರೆ, ಮರೆವಿನ ಕಾಯಿಲೆ. ಬೆಳಗಿನ ಗಂಜಿಯನ್ನು ಗಂಡ ತಿನ್ನಿಸಿದರೆ ಮಾತ್ರ ತಿನ್ನುತ್ತಾರೆ. ಆ ಮುದುಕರೊಬ್ಬರೇ ತಕರಾರು ತೆಗೆದರು. “ಬಸ್ ಸ್ಟಾಪಿನಲ್ಲಿ ಜನ ನಿಂತರೆ ಅದು ಗಲೀಜಾ?” ಎಂದು ಕೇಳಿದರು. ನಾನು ನಕ್ಕು, ನಾಲ್ಕು ದಿನದ ಮಾತು, ಊರಿನ ಮರ್ಯಾದೆಯ ಪ್ರಶ್ನೆ ಎಂದೆ. ನನ್ನ ಬಾಯಲ್ಲೇ ಆ ಮಾತು ಬಂತು ನೋಡಿ! ಬಳ್ಳಾರಿಯ ಧೂಳಿನಲ್ಲಿ ಹುಟ್ಟಿದವಳು, ಈ ಊರಿನಲ್ಲೇ ಹುಟ್ಟಿ ಎಂಬತ್ತು ವರ್ಷ ಬದುಕಿದವರಿಗೆ ಊರಿನ ಮರ್ಯಾದೆ ಹೇಳಿಕೊಡಲು ಹೋಗಿದ್ದೆ.

ಸೋಮವಾರ, ಮಂಗಳವಾರ, ಬುಧವಾರ ಮೂರು ದಿನವೂ ಕಪ್ಪು ವ್ಯಾನಿನಲ್ಲಿ ಹೋದೆವು. ಮೆತ್ತನೆ ಸೀಟು, ಎದುರಿಗೆ ಟಿಶ್ಯೂ ಡಬ್ಬಿ. ಡ್ರೋಹೆಡಾದ ಸಿಗ್ನಲ್ಲಿನಲ್ಲಿ ನಿಂತಾಗ ಪಕ್ಕದ ಫುಟ್‌ಪಾತಿನವರು ನಮ್ಮನ್ನು ನೋಡಿ ಎದೆಯ ಮೇಲೆ ಶಿಲುಬೆಯ ಗುರುತು ಮಾಡಿಕೊಂಡರು. ನಾವು ಬಿದ್ದು ಬಿದ್ದು ನಕ್ಕೆವು. ಅತ್ತ ಊರಿನಲ್ಲಿ ಬಸ್ಸು ಸರಿಯಾದ ಹೊತ್ತಿಗೆ ಬಂತು, ನಿಧಾನ ಮಾಡಿತು, ಯಾರೂ ಇಲ್ಲದ್ದನ್ನು ನೋಡಿ ಮುಂದಕ್ಕೆ ಹೋಯಿತು. ಬೂದು ಕಾರಿನವನು ಮೂರು ದಿನವೂ ಅಲ್ಲೇ ಕೂತು ಬರೆದುಕೊಂಡ. ಮೇಡಂ ಎದುರಿನ ಮಹಡಿಯ ಪರದೆಯ ಹಿಂದೆ ನಿಂತು ನೋಡುತ್ತಿದ್ದರು. “ಎಂಥಾ ಶ್ರದ್ಧೆ! ಒಂದೇ ಸ್ಟಾಪಿಗೆ ಮೂರು ದಿನ! ಚಿನ್ನಾನೇ ಬರುತ್ತೆ ನೋಡು,” ಎಂದು ಸಂಜೆ ನನ್ನ ಕೈ ಹಿಡಿದು ಕುಣಿದಾಡಿದರು.

ಆಗಸ್ಟಿನಲ್ಲಿ ಒಂದು ಬೆಳಿಗ್ಗೆ ಸ್ಟಾಪಿನ ಗಾಜಿನ ಮೇಲೆ ನೋಟೀಸು ಅಂಟಿಸಿತ್ತು. ಪ್ರಯಾಣಿಕರಿಲ್ಲದ ಕಾರಣ ಈ ನಿಲುಗಡೆಯನ್ನು ರದ್ದುಪಡಿಸಲಾಗುತ್ತದೆ, ಮುಂದಿನ ತಿಂಗಳಿಂದ ಬಸ್ಸು ಬೈಪಾಸಿನಲ್ಲಿ ಹೋಗುತ್ತದೆ, ಆಕ್ಷೇಪಣೆ ಇರುವವರು ಸಭೆಗೆ ಬರಬಹುದು. ನಾನು ಓದಿ ಅಲ್ಲೇ ಬೆಂಚಿನ ಮೇಲೆ ಕೂತುಬಿಟ್ಟೆ. ಸುದ್ದಿ ಕೇಳಿ ಓಡಿ ಬಂದ ಮೇಡಂ ನೋಟೀಸು ಓದುವ ಮುಂಚೆಯೇ ಅದರ ಮೂಲೆಯನ್ನು ಉಗುರಿನಿಂದ ಕೆರೆದರು. “ಟೇಪಿನ ಕಲೆ ಉಳಿಯುತ್ತೆ,” ಎಂದರು.

ಸಭೆ ನಡೆದದ್ದು ಫುಟ್‌ಬಾಲ್ ಕ್ಲಬ್ಬಿನ ಹಾಲಿನಲ್ಲಿ. ಬಸ್ ಕಂಪನಿಯ ಪರವಾಗಿ ವೇದಿಕೆಯ ಮೇಲೆ ಕೂತಿದ್ದವನು ಯಾರು? ಬೂದು ಕಾರಿನವನು! ಪಕ್ಕದಲ್ಲಿದ್ದ ಮೇಡಂ ನನ್ನ ಮಣಿಕಟ್ಟು ಗಟ್ಟಿಯಾಗಿ ಹಿಡಿದರು. ಆತ ಬಹಳ ಮರ್ಯಾದೆಯಿಂದಲೇ ವಿವರಿಸಿದ. ಪಾಸ್ ತೋರಿಸಿ ಹತ್ತುವವರ ಲೆಕ್ಕ ಯಂತ್ರಕ್ಕೆ ಸಿಗುವುದಿಲ್ಲವಂತೆ. ಅದಕ್ಕೆಂದೇ ಪ್ರತಿ ಊರಿಗೂ ಮೂರು ದಿನ ಬಂದು ಕಣ್ಣಾರೆ ನೋಡುವುದಂತೆ. “ಸೋಮವಾರ ಸೊನ್ನೆ. ಮಂಗಳವಾರ ಸೊನ್ನೆ. ಬುಧವಾರ ಸೊನ್ನೆ,” ಎಂದು ಓದಿದ. ಆಮೇಲೆ ತಲೆಯೆತ್ತಿ, “ಸ್ಟಾಪು ಮಾತ್ರ ತುಂಬಾ ಚೆನ್ನಾಗಿಟ್ಟುಕೊಂಡಿದ್ದೀರಿ,” ಎಂದು ಸೇರಿಸಿದ.

ಎದ್ದು ನಿಂತೆ. “ನಾವು ಒಂಬತ್ತು ಜನ ದಿನಾ ಹತ್ತುತ್ತೇವೆ. ಆ ಮೂರು ದಿನ ಚರ್ಚಿನ ಹಿಂದೆ ಬಚ್ಚಿಟ್ಟುಕೊಂಡಿದ್ದೆವು,” ಎಂದೆ.

“ಯಾಕೆ?” ಎಂದು ಕೇಳಿದ ಆತ. ನಿಜವಾಗಿಯೂ ತಿಳಿದುಕೊಳ್ಳುವ ಆಸೆ ಅವನ ಮುಖದಲ್ಲಿತ್ತು.

ಏನು ಹೇಳಲಿ? ಮೇಡಂ ನೆಲ ನೋಡುತ್ತಿದ್ದರು. ಕಾರ್ಯದರ್ಶಿ ಟೈ ಸರಿಮಾಡಿಕೊಳ್ಳುತ್ತಿದ್ದರು. “ನಿಮ್ಮ ಮುಂದೆ ಊರು ಚೆನ್ನಾಗಿ ಕಾಣಲಿ ಎಂದು,” ಎಂದೆ. ಹಿಂದಿನ ಸಾಲಿನಲ್ಲಿ ಯಾರೋ ಕಿಸಕ್ಕೆಂದರು. ಮುದುಕರು ಮಾತ್ರ ನಗಲಿಲ್ಲ. ಟೋಪಿಯನ್ನು ಕೈಯಲ್ಲಿ ಹಿಡಿದು ಎದ್ದು, “ಹಾಗಾದರೆ ಅವಳಿಗೆ ಗಂಜಿ ತಿನ್ನಿಸೋರು ಯಾರು?” ಎಂದು ಕೇಳಿದರು. ಯಾರನ್ನು ಕೇಳಿದರೋ ತಿಳಿಯಲಿಲ್ಲ. ಅಲ್ಲಿ ಎಲ್ಲಾದರೂ ಅಡಗಿಕೊಳ್ಳೋಣ ಅನ್ನಿಸಿತು ನನಗೆ.

ಮನೆಗೆ ಬಂದು ಗಂಡನ ಮುಂದೆ ಊರಿನವರಿಗೆಲ್ಲ ಒಂದು ಸುತ್ತು ಮಂಗಳಾರತಿ ಎತ್ತಿದೆ. ದೋಣಿಗೆ ಬೈದೆ, ಜೆರೇನಿಯಮ್ಮಿಗೆ ಬೈದೆ, ಮೇಡಂಗಂತೂ ಬಾಯಿಗೆ ಬಂದ ಹಾಗೆ ಬೈದೆ. ಅವನು ಪಾತ್ರೆ ಒರೆಸುತ್ತಾ ಎಲ್ಲ ಕೇಳಿಸಿಕೊಂಡ.

“ಅದ್ಸರಿ, ಜಡ್ಜ್ ಬಂದವ್ರೆ ಅಂತ ಫೋನ್ ಮಾಡಿದ್ದು ಯಾರು?”

“ನಾನೇ.”

“ಮನೆಮನೆಗೆ ಹೋಗಿ, ಬಸ್ಸಿಗೆ ಬರ್ಬೇಡಿ ಅಂದಿದ್ದು?”

“ನಾನೇ ಕಣೋ. ಈಗ ಏನ್ ಮಾಡ್ಬೇಕು ಅಂತೀಯ?”

“ನಾನೇನಂತೀನಿ? ಮಾಡಿದ್ದುಣ್ಣೋ ಮಹರಾಯ,” ಎಂದವನು, ನನ್ನ ಮುಖ ನೋಡಿ ಒರೆಸುವ ಬಟ್ಟೆ ಕೆಳಗಿಟ್ಟ. ಕಾಫಿ ಮಾಡಿಕೊಟ್ಟ.

ಸಭೆಯಲ್ಲಿ ಹೇಳಿದ್ದು ಲೆಕ್ಕಕ್ಕೆ ಬರಲಿಲ್ಲ, ನೋಟೀಸಿನಂತೆ ಬಸ್ಸು ಬೈಪಾಸು ಹಿಡಿಯಿತು. ನಿಜವಾದ ಜಡ್ಜು ಯಾವಾಗ ಬಂದು ಹೋದರೋ ಇವತ್ತಿಗೂ ಯಾರಿಗೂ ಗೊತ್ತಿಲ್ಲ. ಆದರೆ ಬಂದಿದ್ದರು. ಶರತ್ಕಾಲದಲ್ಲಿ ಫಲಿತಾಂಶ ಬಂತು, ಬೆಳ್ಳಿ. ಮೇಡಂ ತೀರ್ಪಿನ ಕಾಗದ ಹಿಡಿದು ಮಳೆಯಲ್ಲೇ ನಮ್ಮ ಮನೆಗೆ ಬಂದರು, ಕೋಟಿನ ಗುಂಡಿಯನ್ನೂ ಹಾಕಿಕೊಂಡಿರಲಿಲ್ಲ. ಬಾಗಿಲಲ್ಲೇ ಓದಿದರು: “‘ಬಸ್ ನಿಲ್ದಾಣ ಕಳೆದ ವರ್ಷಕ್ಕಿಂತ ಬಹಳ ಸುಧಾರಿಸಿದೆ. ಈ ಊರಿನವರಿಗೆ ಅದರ ಮೇಲೆ ಎಷ್ಟು ಪ್ರೀತಿಯೆಂದು ನೋಡಿದ ಕೂಡಲೇ ತಿಳಿಯುತ್ತದೆ.’ ಇದು ನಿನ್ನದು. ಈ ಅಂಕ ನೀನು ತಂದದ್ದು.” ಅವರ ಕಣ್ಣಲ್ಲಿ ನೀರಿತ್ತು. ಕಿರುಚಬೇಕು ಎಂದು ಎರಡು ತಿಂಗಳಿಂದ ಕೂಡಿಟ್ಟುಕೊಂಡಿದ್ದೆ. ಆ ಒದ್ದೆ ತಲೆಗೂದಲನ್ನು ನೋಡಿ ಕಿರುಚಲಾಗಲಿಲ್ಲ. ಆಕೆಯ ಇಬ್ಬರು ಮಕ್ಕಳು ಸಿಡ್ನಿಯಲ್ಲಿದ್ದಾರೆ. ಆ ಕಾಗದವನ್ನು ಓಡಿ ಬಂದು ತೋರಿಸಲು ಆಕೆಗೆ ಸಿಕ್ಕವಳು ನಾನೊಬ್ಬಳೇ. ಅಭಿನಂದನೆಗಳು ಮೇಡಂ ಎಂದೆ. ಒಳಗೊಳಗೇ ಅವರನ್ನು ಕ್ಷಮಿಸಲಿಲ್ಲ, ಇವತ್ತಿಗೂ ಕ್ಷಮಿಸಿಲ್ಲ.

ಈಗ ಡ್ರೋಹೆಡಾದಲ್ಲಿ ಒಂದು ಕೋಣೆ ಹಿಡಿದಿದ್ದೇನೆ. ಎಂ.ಎಸ್. ಓದಲು ಬಂದ ನಮ್ಮ ಕಡೆಯ ಮೂವರು ಹುಡುಗಿಯರ ಮನೆ ಅದು. ನನ್ನನ್ನು ಆಂಟಿ ಎನ್ನುತ್ತಾರೆ, ನನ್ನ ಚಟ್ನಿಪುಡಿ ಖಾಲಿ ಮಾಡುತ್ತಾರೆ. ಸೋಮವಾರದಿಂದ ಶುಕ್ರವಾರದವರೆಗೆ ಅಲ್ಲಿ. ಬೆಳಿಗ್ಗೆ ಐದಕ್ಕೆ ಹೊರಡುವಾಗ ಗಂಡ ಮಗಳನ್ನು ಎದುರು ಮನೆಯಲ್ಲಿ ಬಿಟ್ಟು ಹೋಗುತ್ತಾನೆ. ಸಂಜೆ ಮಗಳ ಹೋಮ್‌ವರ್ಕನ್ನು ಫೋನಿನಲ್ಲಿ ನೋಡುತ್ತೇನೆ. ಅವಳು ಪುಸ್ತಕವನ್ನು ಕ್ಯಾಮೆರಾಕ್ಕೆ ಎಷ್ಟು ಹತ್ತಿರ ಹಿಡಿಯುತ್ತಾಳೆಂದರೆ ಒಂದಕ್ಷರವೂ ಕಾಣುವುದಿಲ್ಲ. ಚೆನ್ನಾಗಿ ಬರೆದಿದ್ದೀಯ ಎನ್ನುತ್ತೇನೆ. ಶುಕ್ರವಾರ ಸಂಜೆ ಗಂಡ ಕಾರು ತಂದು ಕರೆದುಕೊಂಡು ಹೋಗುತ್ತಾನೆ.

ಹೋದ ಶುಕ್ರವಾರ ಮನೆಗೆ ಹೋದಾಗ ಎದುರು ಮನೆಯಿಂದ ಓಡಿ ಬಂದ ಮಗಳೇ ಬಾಗಿಲು ತೆಗೆದು ನನ್ನ ಬ್ಯಾಗು ಇಸಿದುಕೊಂಡಳು. ಏಳು ವರ್ಷದವಳು, ಕನ್ನಡ ಎಲ್ಲ ತಿಳಿಯುತ್ತದೆ, ಬಾಯಿ ತೆರೆದರೆ ಈ ಊರಿನ ಇಂಗ್ಲಿಷು. ನಮ್ಮ ಕೋಣೆಯ ಹಾಸಿಗೆಯ ಮೇಲೆ ಒಂದು ಟವೆಲನ್ನು ಮಡಿಸಿ, ಅದರ ಮೇಲೊಂದು ಹೊಸ ಸೋಪು ಇಟ್ಟಿದ್ದಳು. ಯಾರಾದರೂ ನೆಂಟರು ಬಂದರೆ ಇರಲೆಂದು ಕಪಾಟಿನಲ್ಲಿ ಎತ್ತಿಟ್ಟಿದ್ದ ಟವೆಲದು. ಅವಳೇ ಯೋಚಿಸಿ ಮಾಡಿದ್ದು, ಮುಖದಲ್ಲಿ ಹೆಮ್ಮೆ.

“ಹೌ ಲಾಂಗ್ ಆರ್ ಯೂ ಸ್ಟೇಯಿಂಗ್, ಅಮ್ಮಾ?” ಎಂದು ಕೇಳಿದಳು.

ಭಾನುವಾರದವರೆಗೆ ಎಂದೆ.