ಮುತ್ತಯ್ಯ ಮೇಸ್ತ್ರಿ ಅವಸರದಲ್ಲಿ ಹೊತ್ತಿಸಿದ ಇಂಜಿನ್ನು

ಕೊಳ್ಳೇಗಾಲದಿಂದ ಮಧುವನಹಳ್ಳಿಗೆ ಹೋಗುವ ರಸ್ತೆಯ ಮಗ್ಗುಲಲ್ಲಿ ಮುತ್ತಯ್ಯ ಮೇಸ್ತ್ರಿಯ ತಗಡಿನ ಷೆಡ್ಡಿತ್ತು. ಸದ್ದು ಕೇಳಿಯೇ ಮೋಟಾರಿನ ರೋಗ ಹೇಳುವವರೆಂದು ಅವರು ಹೆಸರಾಗಿದ್ದರು. ಹೊಸದಾಗಿ ಬಿಚ್ಚಿ ಕಟ್ಟಿದ ಇಂಜಿನ್ನನ್ನು ಅವರು ಎಂದೂ ನೇರವಾಗಿ ಸ್ಟಾರ್ಟ್ ಮಾಡುತ್ತಿರಲಿಲ್ಲ. ಪ್ಲಗ್ಗುಗಳನ್ನು ಬಿಚ್ಚಿಟ್ಟು, ಮುಂದಿನಿಂದ ಹ್ಯಾಂಡಲ್ ಹಾಕಿ, ಬೆವರು ಇಳಿಯುವವರೆಗೂ ಕೈಯಲ್ಲೇ ತಿರುಗಿಸುವರು. ಒಳಗಿನ ಎಣ್ಣೆ ಮೇಲೇರಿ ಮೀಟರಿನ ಸೂಜಿ ಅಲುಗಿದ ಮೇಲೆಯೇ ಮುಂದಿನ ಕೆಲಸ. “ಒಣಗಿದ್ ಗಂಟ್ಲಲ್ಲಿ ಸೋಬಾನೆ ಪದ ಬತ್ತದೇನ್ಲಾ?” ಎನ್ನುವರು.

೧೯೬೪ರ ಶ್ರಾವಣದ ಒಂದು ಶುಕ್ರವಾರ ಮಾತ್ರ ಅವರು ಈ ಕ್ರಮವನ್ನು ತಪ್ಪಿದರು.

ಕಾರು ಯಳಂದೂರಿನ ಚನ್ನಾಜಮ್ಮನವರದು. ಗಂಡ ತೀರಿಕೊಂಡ ಮೇಲೆ ಆಕೆ ಅದನ್ನು ಬಾಡಿಗೆಗೆ ಬಿಟ್ಟು ಸಂಸಾರ ತೂಗಿಸುತ್ತಿದ್ದರು. ಓಡಿಸುವವನು ಮಧುವನಹಳ್ಳಿಯ ಮಾದಣ್ಣ. ಹೊಸ ಪಿಸ್ಟನ್, ಹೊಸ ಬೇರಿಂಗ್ ಹಾಕಿ ಇಂಜಿನ್ನು ಕೂರಿಸುವ ಹೊತ್ತಿಗೆ ಹತ್ತು ಗಂಟೆ ದಾಟಿತ್ತು. ಚನ್ನಾಜಮ್ಮ ಕಾರಿಗೆ ಹೂವು ಮುಡಿಸಿ, ಚಕ್ರಗಳಡಿ ನಿಂಬೆಹಣ್ಣಿಟ್ಟು ಕಾದಿದ್ದರು.

“ಮುತ್ತಯ್ಯ, ಅತ್ತೂವರೆಗೆ ರಾವುಕಾಲ ಸುರುವಾಯ್ತದೆ. ಅಷ್ಟ್ರೊಳ್ಗೆ ಒಂದ್ಸಲ ಗುರ್ ಅನ್ಸ್‌ಬುಡಪ್ಪ.”

ಎದುರಿನ ಟೀ ಅಂಗಡಿಯ ಪುಟ್ಟಸಿದ್ದಯ್ಯ ನಾಲ್ಕಾರು ಜನರನ್ನು ಕಟ್ಟಿಕೊಂಡು ಬಂದು ನಿಂತಿದ್ದ. “ಏನ್ ಮೇಸ್ತ್ರಿ, ಎರಿಗೆ ಮನೆ ಮುಂದೆ ಕಾದಂಗೆ ಕಾಯ್ತಾ ಇದ್ದೀವಿ. ಕೂಸು ಯಾವಾಗ ಅಳೋದು?”

ಎಲ್ಲರೂ ನಕ್ಕರು. ಹ್ಯಾಂಡಲ್ ತಿರುಗಿಸಲು ಕಾಲು ಗಂಟೆಯಾದರೂ ಬೇಕು. ಉಳಿದಿದ್ದುದು ಐದು ನಿಮಿಷ. “ಮಧ್ಯಾಹ್ನದ ಮೇಲೆ ಬನ್ನಿ ಅಮ್ನೋರೆ” ಎಂದಿದ್ದರೆ ಮುಗಿಯುತ್ತಿತ್ತು. ಅಷ್ಟು ಜನರೆದುರು ಮೇಸ್ತ್ರಿಗೆ ನಾಲಗೆ ಏಳಲಿಲ್ಲ. ಹತ್ತಿ ಕುಳಿತು ಸ್ಟಾರ್ಟ್ ಮಾಡಿಯೇಬಿಟ್ಟರು.

ಇಂಜಿನ್ನು ಒಂದೇ ಸಲಕ್ಕೆ ಹೊತ್ತಿಕೊಂಡಿತು. ಜನ ಚಪ್ಪಾಳೆ ತಟ್ಟಿದರು. ಸೂಜಿ ಮಾತ್ರ ಸೊನ್ನೆಯ ಮೇಲೆ ಸತ್ತಂತೆ ಮಲಗಿತ್ತು. ತಳದಿಂದ ಕಟಕಟ ಎಂಬ ಸಣ್ಣ ಸದ್ದು ಬಂತು. ಆಗಲೇ ಆರಿಸಬೇಕಾಗಿತ್ತು. ಎಲ್ಲರೂ ನೋಡುತ್ತಿದ್ದಾರೆಂದು ಅವರು ಆಕ್ಸಿಲರೇಟರನ್ನು ಇನ್ನಷ್ಟು ಒತ್ತಿದರು. ಸ್ವಲ್ಪ ಹೊತ್ತಿಗೆ ಸೂಜಿ ಮೇಲೆದ್ದಿತು, ಸದ್ದು ಅಡಗಿತು. ಪುಟ್ಟಸಿದ್ದಯ್ಯ “ಭೇಷ್ ಮೇಸ್ತ್ರಿ!” ಎಂದ. ಮುತ್ತಯ್ಯ ಮುಖ ಒರೆಸಿಕೊಂಡು ಮಾದಣ್ಣನನ್ನು ಕರೆದರು.

“ಐನೂರು ಮೈಲಿ ಆಗೋಗಂಟ ಬಾಣಂತಿ ನೋಡ್ಕಂಡಂಗೆ ನೋಡ್ಕೋ ಕಣ್ಲಾ. ಗಂಟೆಗೆ ಮೂವತ್ತು ಮೈಲಿ ಮೇಲೆ ಓಡಿಸ್‌ಬ್ಯಾಡ. ನಾಕ್ ಜನಕ್ಕಿಂತ ಎಚ್ಗೆ ತುಂಬ್‌ಬ್ಯಾಡ.”

ಮಾದಣ್ಣ ಆ ಮಾತನ್ನು ದೇವರ ಅಪ್ಪಣೆಯಂತೆ ನಡೆಸಿದ. ಹನೂರು ರಸ್ತೆಯಲ್ಲಿ ಸೈಕಲ್ಲಿನವರೂ ಅವನ ಜೊತೆಜೊತೆಗೆ ಮಾತನಾಡುತ್ತ ಬರುತ್ತಿದ್ದರು. ಎಂಟು ಜನರ ಮದುವೆ ದಿಬ್ಬಣ ಬಂದರೆ ಕೈಮುಗಿದು ಬೇಡವೆಂದ. “ಏನ್ಲಾ ಮಾದಣ್ಣ, ಕಾರ್ನ ಎಳೆಯಕ್ಕೆ ಎತ್ತು ಕಟ್ಟಿದ್ದೀಯಾ?” ಎಂದು ಟ್ಯಾಕ್ಸಿ ಸ್ಟ್ಯಾಂಡಿನವರು ಕೆಣಕಿದರೆ ನಗುತ್ತಿದ್ದ.

ಮೂರನೆಯ ವಾರ, ಹನೂರು ದಾಟಿ ರಾಮಾಪುರದ ಹತ್ತಿರ, ಇಂಜಿನ್ನು ಬಡಿದುಕೊಂಡು ನಿಂತುಬಿಟ್ಟಿತು. ಎತ್ತು ಕಟ್ಟಿ ಹನೂರಿಗೆ ಎಳೆಸಿ, ಅಲ್ಲಿಂದ ಲಾರಿಯಲ್ಲಿ ಕೊಳ್ಳೇಗಾಲಕ್ಕೆ ತಂದರು. ಮುತ್ತಯ್ಯ ತಳ ಬಿಚ್ಚಿದರು. ಹೊಸ ಬೇರಿಂಗಿನ ಮೈಯೆಲ್ಲ ಗೀರುಬಿದ್ದು ಕಿತ್ತುಬಂದಿತ್ತು. ಎಣ್ಣೆಯಿಲ್ಲದೆ ಉಜ್ಜಿದ ಗೀರು. ಅದು ಯಾವ ಗಳಿಗೆಯದೆಂದು ಅವರಿಗೆ ಕೂಡಲೇ ತಿಳಿಯಿತು.

“ಏನಾಗದೆ ಮುತ್ತಯ್ಯ?” ಚನ್ನಾಜಮ್ಮ ಕೇಳಿದರು.

“ಜೋರಾಗಿ ಓಡ್ಸವ್ನೆ ಅಮ್ನೋರೆ.” ಮಾತು ತಾನಾಗಿ ಬಾಯಿಂದ ಜಾರಿತು.

“ನಾನಾ ಮೇಸ್ತ್ರಿ?” ಎಂದ ಮಾದಣ್ಣ. ಮೇಸ್ತ್ರಿಯ ಮಾತಿಗೆ ಎದುರಾಡುವವರು ಆ ಊರಿನಲ್ಲಿರಲಿಲ್ಲ. ಚನ್ನಾಜಮ್ಮ ಕೈ ಚಾಚಿದರು. ಅವನು ಕೀಲಿಯನ್ನು ಅವರ ಕೈಗೆ ಹಾಕಿ ಹೊರಟುಹೋದ.

ಮೇಸ್ತ್ರಿಯೇ ಹೀಗೆಂದ ಮೇಲೆ ಬೇರೆ ಯಾರೂ ಅವನ ಕೈಗೆ ಗಾಡಿ ಕೊಡಲಿಲ್ಲ. ಎರಡು ವಾರ ಮುತ್ತಯ್ಯ ಸ್ಟ್ಯಾಂಡಿನ ಕಡೆ ತಲೆಹಾಕಲಿಲ್ಲ. ಒಂದು ದಿನ ಸಂತೆಯಲ್ಲಿ ಮಾದಣ್ಣ ಮೂಟೆ ಹೊರುತ್ತಿದ್ದುದನ್ನು ಕಂಡು ಬೇರೆ ದಾರಿ ಹಿಡಿಯಲು ಹೊರಟರು. ಅವನೇ ಓಡಿಬಂದ.

“ಮೇಸ್ತ್ರಿ, ಒಂದ್ಮಾತ್ ಕೇಳ್ಲಾ? ನಾನು ಎಲ್ಲಿ ತಪ್ಪಿದೆ ಏಳಿ. ಇನ್ನೊಂದ್ ಗಾಡಿ ಸಿಕ್ರೆ ಉಸಾರಾಗಿರ್ತೀನಿ.”

ಅವನು ಬೈದಿದ್ದರೆ ತಡೆದುಕೊಳ್ಳಬಹುದಾಗಿತ್ತು. ಅವನು ತಪ್ಪು ತನ್ನದೇ ಎಂದು ನಂಬಿಬಿಟ್ಟಿದ್ದ. ಮುತ್ತಯ್ಯ ನೇರವಾಗಿ ಬಸ್ಸು ಹತ್ತಿ ಯಳಂದೂರಿಗೆ ಹೋದರು. ಹ್ಯಾಂಡಲ್ ತಿರುಗಿಸದೆ ಸ್ಟಾರ್ಟ್ ಮಾಡಿದ್ದನ್ನು ಚನ್ನಾಜಮ್ಮನವರ ಮುಂದೆ ಹೇಳಿದರು.

“ನಾನೇ ಅವಸ್ರ ಮಾಡ್ದೆ ಕಣಪ್ಪ. ಪಾಪ, ಆ ಮಾದಣ್ಣನ್ನ ಕರ್ಕಂಬಾ” ಎಂದರು ಆಕೆ. ತಪ್ಪಿನಲ್ಲಿ ಅರ್ಧವನ್ನು ಆಕೆ ಹೊತ್ತುಕೊಂಡಾಗ ಮುತ್ತಯ್ಯ ಬೇಡವೆನ್ನದೆ ತಲೆತಗ್ಗಿಸಿದರು.

ಮರುದಿನ ಸ್ಟ್ಯಾಂಡಿನಲ್ಲಿ, ಕೆಣಕಿದವರೆಲ್ಲ ಇರುವಾಗ, ಮಾದಣ್ಣನನ್ನು ಪಕ್ಕದಲ್ಲಿ ನಿಲ್ಲಿಸಿಕೊಂಡು, “ಇವ್ನದೇನೂ ತಪ್ಪಿಲ್ಲ, ನಾನು ಕೆಡಿಸ್ದೆ” ಎಂದರು.

“ಗಡಿಬಿಡೀಲಿ ಆಗೋಯ್ತು, ಎಲ್ಲಾ ರಾವುಕಾಲದ ಕಾಟ” ಎಂದು ಪುಟ್ಟಸಿದ್ದಯ್ಯ ನಗಿಸಲು ನೋಡಿದ.

“ಸಾಕು ಬುಡಿ ಮೇಸ್ತ್ರಿ, ದೊಡ್ಡೋರು ನೀವು” ಎಂದ ಮಾದಣ್ಣ. ಅವನ ಕಣ್ಣು ತುಂಬಿತ್ತು.

“ಇನ್ನೂ ಐತೆ ಕಣ್ಲಾ” ಎಂದರು ಮುತ್ತಯ್ಯ. “ಸೂಜಿ ಏಳ್ನಿಲ್ಲ ಅನ್ನೋದ ನಾನು ಅವತ್ತೇ ನೋಡಿದ್ದೆ. ನಿನ್ನ ಮೇಲೆ ತಪ್ಪು ಆಕುವಾಗ್ಲೂ ನಂಗೆ ಗೊತ್ತಿತ್ತು.”

ಯಾರೂ ನಗಲಿಲ್ಲ. ಮಾದಣ್ಣ ಹೆಗಲ ಮೇಲಿನ ಟವಲ್ಲನ್ನು ಕೊಡವಿಕೊಂಡು ಯಳಂದೂರಿನ ಬಸ್ಸಿನ ಕಡೆಗೆ ನಡೆದ.

ಇಂಜಿನ್ನನ್ನು ಈ ಸಲ ಚನ್ನಾಜಮ್ಮ ಮೈಸೂರಿನಲ್ಲಿ ಕಟ್ಟಿಸಿದರು. ಆಮೇಲೆ ಹತ್ತು ವರ್ಷ ಮಾದಣ್ಣನೇ ಆ ಕಾರು ಓಡಿಸಿದ. ಷೆಡ್ಡಿನ ಮುಂದೆ ಹಾದುಹೋಗುವಾಗ ಮರ್ಯಾದೆಗೆ ಒಮ್ಮೆ ಹಾರನ್ ಒತ್ತುತ್ತಿದ್ದ. ಮುತ್ತಯ್ಯ ಸ್ಪ್ಯಾನರ್ ಕೆಳಗಿಟ್ಟು ಎದ್ದು ನಿಲ್ಲುತ್ತಿದ್ದರು. ಕಾರು ನಿಲ್ಲುತ್ತಿರಲಿಲ್ಲ.